ಸಂದಿನ ಲೇಪ

ಮೋಟಾರ್ ಸೈಕಲ್ಲಿನ ಎಂಜಿನು ಹೊರನೋಟಕ್ಕೆ ಅಖಂಡವಾಗಿ ತೋರಿದರೂ ಅದರ ಒಡಲು, ಮೆಕ್ಯಾನಿಕರು ‘ಚೇಂಬರು’ ಎಂದು ಕರೆಯುವ ಆ ಅಲ್ಯೂಮಿನಿಯಮ್ ಕವಚ, ವಸ್ತುತಃ ಎರಡು ಹೋಳುಗಳಾಗಿ ಎರಕಗೊಂಡು ಬಳಿಕ ಬೋಲ್ಟುಗಳ ಬಲದಿಂದ ಒಂದಾದುದು. ಈ ಹೋಳುಗಳು ಕೂಡುವ ಸಂದಿಗೆ ಏನನ್ನು ಲೇಪಿಸತಕ್ಕದ್ದೆಂಬ ವಿಷಯದಲ್ಲಿ ನಮ್ಮ ಸುಳ್ಯದ ಗ್ಯಾರೇಜುಗಳಲ್ಲಿ ನಾನು ಕೇಳಿರುವಷ್ಟು ಖಂಡನ ಮಂಡನಗಳನ್ನು ದ್ವೈತಾದ್ವೈತಗಳ ವಾಕ್ಯಾರ್ಥ ಸಭೆಯಲ್ಲಿಯೂ ಕೇಳಿದವನಲ್ಲ. ಒಬ್ಬರದು ಶೆಲ್ಲಾಕಿನ ಪಕ್ಷ, ಇನ್ನೊಬ್ಬರದು ಅನಾಬಾಂಡಿನ ಪಕ್ಷ. ಪ್ಯಾಕಿಂಗ್ ಸರಿಯಾಗಿ ಕೂತರೆ ಯಾವ ಅಂಟೂ ಬೇಡ ಮಾರಾಯ್ರೆ ಎನ್ನುವ ಮೂರನೆಯವರೂ ಉಂಟು. ಕೆಲಸ ಮುಗಿಯುವ ತನಕ ಬೆಂಚಿನ ಮೇಲೆ ಕುಳಿತಿರಬೇಕಾದ ನನಗೆ ಎಲ್ಲರ ಮಾತಿಗೂ ಕಿವಿಗೊಡುವಷ್ಟು ಸಾವಕಾಶವಿರುತ್ತಿತ್ತು.

ನನ್ನಲ್ಲಿರುವುದು ತೀರ್ಥರೂಪರಿಂದ ಬಂದ ಜಾವಾ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ, ಝೆಕ್ಕರ ಪರವಾನಗಿಯ ಮೇರೆಗೆ, ಈ ಗಾಡಿಗಳನ್ನು ತಯಾರಿಸತೊಡಗಿತು. ಮುಂದೆ ಅವೇ ಯೆಜ್ಡಿ ಎಂಬ ನಾಮಾಂತರವನ್ನು ತಾಳಿದುವು. 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ಇದು ಟೂ ಸ್ಟ್ರೋಕ್ ಯಂತ್ರವಾದುದರಿಂದ ಇದರ ಚೇಂಬರು ಬರಿಯ ಎಣ್ಣೆಯ ಪಾತ್ರೆಯಲ್ಲ: ಪೆಟ್ರೋಲು, ಎಣ್ಣೆ, ಗಾಳಿಗಳ ಮಿಶ್ರಣವು ಮೊದಲು ಅಲ್ಲಿಗೇ ಬಂದು, ಇಳಿಯುವ ಪಿಸ್ಟನ್ನಿನಿಂದ ಅದುಮಲ್ಪಟ್ಟು, ಅನಂತರವೇ ಸಿಲಿಂಡರಿಗೆ ಏರಬೇಕು. ಆದಕಾರಣ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊರಗಿನ ಗಾಳಿ ಒಳಸೇರಿ, ಮಿಶ್ರಣ ತೆಳುವಾಗಿ, ಎಂಜಿನು ಕಾದು, ಸಂಪಾಜೆ ಘಾಟಿಯ ಅರ್ಧ ಏರುವಷ್ಟರಲ್ಲಿ ಪಿಸ್ಟನ್ ಸೀಜಾಗುವುದುಂಟು. ಬುಲೆಟ್ಟಿನ ಸಂದು ಸೋರಿದರೆ ನೆಲಕ್ಕೆ ಎಣ್ಣೆಯ ತೊಟ್ಟು ಬಿದ್ದು ಗುಟ್ಟು ರಟ್ಟಾಗುತ್ತದೆ. ಜಾವಾದ ಸಂದು ಮಾತ್ರ ಹೊರಕ್ಕೆ ಸೋರುವಂತೆ ಒಳಕ್ಕೂ ಸೋರುವುದರಿಂದ ರೋಗ ಕಣ್ಣಿಗೆ ಕಾಣಿಸದು.

ಶೆಲ್ಲಾಕ್ ಎಂದರೆ ನಮ್ಮ ಅರಗೇ. ಮುತ್ತುಗ, ಬೋರೆ ಮುಂತಾದ ಮರಗಳ ಎಳೆರೆಂಬೆಗಳ ಮೇಲೆ ಒಂದು ಕ್ಷುದ್ರ ಕೀಟವು ಸ್ರವಿಸುವ ಈ ರಾಳವನ್ನು ಸೋಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಮೆಕ್ಯಾನಿಕನ ಶೀಶೆ ಸಿದ್ಧವಾಯಿತು. ಸ್ಪಿರಿಟ್ಟಿನಲ್ಲಿ ಕರಗುವ ಅರಗು ಪೆಟ್ರೋಲಿಗಾಗಲಿ ಎಣ್ಣೆಗಾಗಲಿ ಜಗ್ಗುವುದಿಲ್ಲ. ಎಂಜಿನು ಕಟ್ಟುವವರು ದೀರ್ಘಕಾಲ ಅದನ್ನೇ ನೆಚ್ಚಿಕೊಂಡದ್ದು ಈ ಗುಣಕ್ಕಾಗಿ. ಪಾಂಡವರ ಕಥೆಯಲ್ಲಿ ಮನೆ ಸುಡಲು ಒದಗಿದ ದ್ರವ್ಯವು, ಒಳಗೆ ನಿತ್ಯ ಬೆಂಕಿ ಹೊತ್ತಿಕೊಳ್ಳುವ ಯಂತ್ರವನ್ನು ಕಾಯಲು ನೇಮಕವಾದದ್ದು ವಿನೋದವೇ ಸರಿ. ಜಾವಾ ಮೈಸೂರಿಗೆ ಬರುವುದಕ್ಕೆ ಬಹು ಮೊದಲೇ, 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೊಂದು ಸ್ಥಾಪಿತವಾಗಿತ್ತು; ಮತದಾರರ ಬೆರಳಿಗೆ ಶಾಯಿ ಒದಗಿಸಿ ಅದು ಪ್ರಖ್ಯಾತವಾದದ್ದು 1962ರ ಚುನಾವಣೆಯಿಂದೀಚೆಗೆ.

ಅರಗಿಗೆ ವೈರಿಯೆಂದರೆ ನಮ್ಮೂರಿನ ಆಷಾಢ. ಪಯಸ್ವಿನಿಯು ಎರಡೂ ದಡ ಮುಟ್ಟಿ ಹರಿಯುವ ಆ ದಿನಗಳಲ್ಲಿ ಸ್ಪಿರಿಟ್ಟು ಆರುತ್ತ ಗಾಳಿಯ ತೇವವನ್ನು ಹೀರಿ, ಹಚ್ಚಿದ ಪದರವು ಬೆಳ್ಳಗೆ ಮಂಜಾಗಿ ನಿಲ್ಲುತ್ತದೆ. ಆರಿದ ಮೇಲೂ ಪೆಡಸು, ಅದುರಿಗೆ ಬಿರಿಯುವ ಸ್ವಭಾವ. ಸಿಲಿಕೋನಿನ ಸ್ವಭಾವವು ಇದಕ್ಕೆ ತದ್ವಿರುದ್ಧ. ಕಂಪನಿಯ ಹೆಸರಿನಿಂದಲೇ ಎಲ್ಲರೂ ಅನಾಬಾಂಡ್ ಎನ್ನುವ ಆ ಟ್ಯೂಬಿನ ಅಂಟು ಗಟ್ಟಿಯಾಗಲು ಗಾಳಿಯ ತೇವವೇ ಬೇಕು. ಆದ್ದರಿಂದ ಮಳೆಗಾಲದ ಸುಳ್ಯದಲ್ಲಿ, ಬೋಲ್ಟು ಹುಡುಕುವಷ್ಟರಲ್ಲಿ ಅದರ ಮೇಲೆ ಸಿಪ್ಪೆ ಕಟ್ಟಿರುತ್ತದೆ. ವಿನೆಗರಿನ ಹುಳಿವಾಸನೆ ಬೀರುವ ಅಗ್ಗದ ಜಾತಿಯ ಸಿಲಿಕೋನಂತೂ ಲೋಹವನ್ನೇ ತಿನ್ನುವುದರಿಂದ ಎಂಜಿನಿಗೆ ವರ್ಜ್ಯ. ಉತ್ತಮ ಜಾತಿಯದನ್ನೂ ಧಾರಾಳವಾಗಿ ಬಳಿದರೆ, ಒಳಕ್ಕೆ ಹೊರಳಿದ ಎಳೆಗಳು ಕಡಿದು ಬುಲೆಟ್ಟಿನಂಥ ಗಾಡಿಗಳಲ್ಲಿ ಎಣ್ಣೆಯ ದಾರಿಯನ್ನು ಕಟ್ಟಿಬಿಡುತ್ತವೆ. ಜಾವಾದ ಚೇಂಬರಿಗೆ ಅದು ಸಲ್ಲದಿರುವುದಕ್ಕೆ ಕಾರಣ ಬೇರೆ: ಸಿಲಿಕೋನ್ ಪೆಟ್ರೋಲಿನಲ್ಲಿ ಉಬ್ಬುತ್ತದೆ.

ತಾಲೂಕಿನ ಗುಡ್ಡಗಳಲ್ಲೆಲ್ಲ ರಬ್ಬರು ಹಾಲು ಸುರಿಸುತ್ತಿರುವಾಗ, ಮನೆಯ ಹಿತ್ತಿಲಲ್ಲಿ ಹಲಸಿನ ಮೇಣ ಬೇಕಾದಷ್ಟಿರುವಾಗ, ಪೇಟೆಯ ಟ್ಯೂಬೇಕೆಂಬ ಆಲೋಚನೆ ನನಗೂ ಬಾರದಿರಲಿಲ್ಲ. ಮೇಣವನ್ನು ಕಾಯಿಸಿ ಒಡೆದ ಮಡಕೆ ಬೆಸೆಯುತ್ತಿದ್ದ ಅಜ್ಜಿಯ ಕೈಚಳಕವನ್ನು ಕಂಡವನು ನಾನು. ಆದರೆ ಸಹಜ ರಬ್ಬರಾದರೋ ಪೆಟ್ರೋಲು ಸೋಕಿದೊಡನೆ ಊದಿ ಮೆತ್ತಗಾಗುವ ವಸ್ತು; ಮೇಣ ಮಡಕೆಯ ನೀರಿಗೆ ಸರಿ, ಚೇಂಬರಿನ ಕಾವಿಗೆ ಅಲ್ಲ.

ಹೀಗೆ ಒಂದೊಂದನ್ನೇ ತಳ್ಳುತ್ತ ಬಂದು ನಾನು ನಿಂತದ್ದು, ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದ ವರ್ನನ್ ಕ್ರೀಬಲ್ ಎಂಬವರು 1953ರಲ್ಲಿ ರೂಪಿಸಿದ, ಲಾಕ್‌ಟೈಟ್ ಎಂಬ ಹೆಸರಿನ ಅಂಟಿನ ಕುಲದಲ್ಲಿ. ಗಾಳಿ ತಾಗುತ್ತಿರುವ ತನಕ ಅದು ದ್ರವ; ಎರಡು ಲೋಹಗಳ ನಡುವೆ ಅದುಮಿ ಗಾಳಿಯನ್ನು ತಪ್ಪಿಸಿದರೆ ಮಾತ್ರ ಘನ. ಆಷಾಢವಾದರೇನು, ವೈಶಾಖವಾದರೇನು, ಅದಕ್ಕೆ ಎಲ್ಲ ಋತುವೂ ಸಮವೇ. ಒಳಕ್ಕೆ ಹೊರಳಿದ ಹೆಚ್ಚುವರಿ ಭಾಗವು ಗಟ್ಟಿಯಾಗದೆ ಎಣ್ಣೆಯೊಡನೆ ತೊಳೆದುಹೋಗುತ್ತದೆ. ಆದರೆ ಮುಖಗಳು ಸಮತಟ್ಟಾಗಿರಬೇಕು. ಸ್ಕ್ರೂಡ್ರೈವರು ತೂರಿ ಮೀಟಿದ ಗಾಯಗಳುಳ್ಳ ಚೇಂಬರಿಗೆ ಅದೂ ನಿಷ್ಫಲ. ಕಾಗದದ ಪ್ಯಾಕಿಂಗ್ ಇರಬೇಕಾದ ಕಡೆ ಅದನ್ನು ತೆಗೆದು ಈ ದ್ರವವನ್ನು ಮಾತ್ರ ಹಚ್ಚುವುದೂ ಅವಿವೇಕ, ಏಕೆಂದರೆ ಒಳಗಿನ ದಂಡಗಳ ಅತ್ತಿತ್ತಲ ಆಟವನ್ನು ಆ ಕಾಗದದ ದಪ್ಪವೂ ನಿರ್ಧರಿಸುತ್ತದೆ.

ಶೆಲ್ಲಾಕಿನ ಪಕ್ಷದ ಹಿರಿಯ ಮೆಕ್ಯಾನಿಕರಿಗೆ ನನ್ನ ಈ ಆಯ್ಕೆ ಇನ್ನೂ ಸಮ್ಮತವಾಗಿಲ್ಲ. ಎಂಜಿನು ಕಟ್ಟುವುದೇನೋ ಸರಿ, ನಾಳೆ ಬಿಚ್ಚುವವನೊಬ್ಬನಿರುತ್ತಾನಲ್ಲ, ತಮ್ಮ ಶೆಲ್ಲಾಕಾದರೆ ಸ್ಪಿರಿಟ್ಟಿನ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ನಿಮ್ಮ ಅಮೆರಿಕದ ಅಂಟನ್ನು ಅವನು ಯಾವುದರಿಂದ ಒರೆಸಬೇಕು ಎಂದು ಅವರು ಕೇಳುತ್ತಾರೆ. ಕೆರೆಯದೆ ಅದು ಸುಲಭವಾಗಿ ಏಳದೆಂಬುದು ನಿಜವಾದುದರಿಂದ, ನನ್ನಲ್ಲಿ ಉತ್ತರವಿಲ್ಲ.