ಇಪ್ಪತ್ತೆಂಟನೇ ತಾರೀಕಿನ ಪತ್ರಿಕೆ

ತೊಂಬತ್ತರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ವಿಜ್ಞಾನದ ಸಂಶೋಧನೆ ಮಾಡುತ್ತಿದ್ದ ನಮಗೆ ಹೊರಗಿನ ಸುದ್ದಿಯೆಲ್ಲ ಹಡಗಿನಲ್ಲಿ ಬರುತ್ತಿತ್ತು. ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ವಿದೇಶಿ ಜರ್ನಲ್ಲುಗಳನ್ನು ವಿಮಾನದ ಟಪಾಲಿನಲ್ಲಿ ತರಿಸಲು ಲೈಬ್ರರಿಗಳ ಹತ್ತಿರ ದುಡ್ಡಿರಲಿಲ್ಲ. 1991ರಲ್ಲಿ ರೂಪಾಯಿ ಬೆಲೆ ಇಳಿಸಿದ ಮೇಲಂತೂ ಲೈಬ್ರರಿಯವರು ವರ್ಷಕ್ಕೊಮ್ಮೆ ಪಟ್ಟಿ ಹಿಡಿದು ಬಂದು, ‘ಇದರಲ್ಲಿ ಯಾವ್ದು ನಿಲ್ಲಿಸೋಣ, ನೀವೇ ಹೇಳಿ’ ಎಂದು ಕೇಳುತ್ತಿದ್ದರು. ಉಳಿದವು ಬರುವಾಗ ತಿಂಗಳುಗಟ್ಟಲೆ ತಡ. ‘ಥಿಯರಿಟಿಕಲ್ ಕಂಪ್ಯೂಟರ್ ಸೈನ್ಸ್’ನ ಹೊಸ ಸಂಚಿಕೆ ರ‍್ಯಾಕಿಗೆ ಬಂದಾಗ, ಅದರಲ್ಲಿದ್ದ ಸಮಸ್ಯೆಗೆ ಎಲ್ಲೋ ಯಾರೋ ಆಗಲೇ ಉತ್ತರ ಬರೆದು ಮುಗಿಸಿರುತ್ತಿದ್ದರು.

ಅವಸರ ಇದ್ದವರಿಗೆ ಒಂದು ಅಡ್ಡದಾರಿ ಇತ್ತು. ಅಮೆರಿಕದ ಡೆಕ್ ಕಂಪನಿಯ ಒಂದು ಯಂತ್ರಕ್ಕೆ ಈಮೇಲ್ ಬರೆದು ಇಂಥ ಕಡೆಯಿಂದ ಇಂಥ ಫೈಲು ಬೇಕೆಂದು ಕೇಳಿದರೆ, ಅದು ಫೈಲನ್ನು ತುಂಡು ತುಂಡು ಮಾಡಿ ಈಮೇಲಿನಲ್ಲೇ ಕಳಿಸುತ್ತಿತ್ತು. ಎಫ್‌ಟಿಪಿಮೇಲ್ ಎಂದು ಅದರ ಹೆಸರು. ರಾತ್ರಿ ಕೇಳಿದರೆ ಮರುದಿನವೋ ಅದರ ಮರುದಿನವೋ ಬರುತ್ತಿತ್ತು. ಮೊದಲ ತುಂಡಿನಲ್ಲಿ ‘ಬಿಗಿನ್ 644’ ಎಂಬ ಸಾಲು, ಅದರ ಕೆಳಗೆ ಪುಟಗಟ್ಟಲೆ ಅರ್ಥವಿಲ್ಲದ ಅಕ್ಷರಗಳು, ಪ್ರತಿ ಸಾಲಿನ ತಲೆಯಲ್ಲೂ ಇಂಗ್ಲಿಷಿನ ಎಂ. ಒಂದೊಂದು ತುಂಡಿನ ಮೇಲಿನ ಅಂಚೆ ವಿಳಾಸ ಕತ್ತರಿಸಿ, ಕ್ರಮ ತಪ್ಪದಂತೆ ಜೋಡಿಸಿ, ಬಿಚ್ಚಿ, ಪ್ರಿಂಟರಿಗೆ ಕಳಿಸಬೇಕು. ಹನ್ನೆರಡು ತುಂಡಿನಲ್ಲಿ ಏಳನೆಯದು ಮಾತ್ರ ಬಂದಿಲ್ಲ ಅಂದರೆ ಮುಗಿಯಿತು, ಮತ್ತೆ ಮೊದಲಿನಿಂದ. ನಮ್ಮ ಲ್ಯಾಬಿನ ದಾವಣಗೆರೆಯ ಗೆಳೆಯನೊಬ್ಬ ಈ ಕೆಲಸದಲ್ಲಿ ಎಷ್ಟು ಪಳಗಿದ್ದನೆಂದರೆ, ಬೇರೆ ವಿಭಾಗದವರೂ ತಮ್ಮ ತುಂಡುಗಳನ್ನು ಅವನ ಹತ್ತಿರ ತರುತ್ತಿದ್ದರು. ಅವನು ಅದಕ್ಕೆ ಮಸಾಲೆ ದೋಸೆ ಶುಲ್ಕ ವಿಧಿಸಿದ್ದ.

ಈಮೇಲ್ ಆದರೂ ಇತ್ತಲ್ಲ, ಅದು ಅರ್ನೆಟ್ಟಿನ ಪುಣ್ಯ. 1986ರಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ವಿಶ್ವಸಂಸ್ಥೆಯ ನೆರವಿನಲ್ಲಿ ಶುರುಮಾಡಿದ ಜಾಲ ಅದು. ಐದು ಐಐಟಿಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಬೊಂಬಾಯಿಯ ಎನ್‌ಸಿಎಸ್‌ಟಿ ಅದರ ಮೊದಲ ಕೊಂಡಿಗಳು. ದೇಶದಿಂದಾಚೆಗೆ ಹೋಗುತ್ತಿದ್ದ ಮೊದಲ ಲೈನಿನ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಇವತ್ತು ವಾಟ್ಸ್ಯಾಪಿನಲ್ಲಿ ಬರುವ ಒಂದು ಗುಡ್ ಮಾರ್ನಿಂಗ್ ಚಿತ್ರ ಆ ಲೈನನ್ನು ಎಷ್ಟು ಹೊತ್ತು ಕಟ್ಟಿಹಾಕುತ್ತಿತ್ತೋ! ನಾವು ಸೇರುವ ಹೊತ್ತಿಗೆ ವೇಗ ಸ್ವಲ್ಪ ಹೆಚ್ಚಿತ್ತು, ಆದರೆ ಕ್ಯಾಂಪಸ್ಸಿನವರೆಲ್ಲ ಹಂಚಿಕೊಳ್ಳಬೇಕಿತ್ತು. ಹಗಲು ಅದರ ಆಸೆ ಬಿಟ್ಟು ರಾತ್ರಿ ಕೂರುವುದೇ ರೂಢಿ.

ಇಂಥ ದಿನಗಳಲ್ಲಿ, 1994ರ ಕೊನೆಗೆ, ಆಸ್ಟ್ರಿಯಾದ ಗ್ರಾಜ್ ನಗರದಿಂದ ಒಂದು ಪ್ರಕಟಣೆ ಬಂತು. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಹರ್ಮನ್ ಮೌರರ್ ಒಂದು ಜರ್ನಲ್ ಆರಂಭಿಸುತ್ತಿದ್ದಾರೆ. ಅದು ಕಂಪ್ಯೂಟರಿನಲ್ಲೇ ಹುಟ್ಟಿ, ಕಂಪ್ಯೂಟರಿನ ಮೂಲಕವೇ ಓದುಗರನ್ನು ತಲುಪುತ್ತದೆ. ಕಂಪ್ಯೂಟರ್ ವಿಜ್ಞಾನದ ಯಾವ ಶಾಖೆಯೂ ಅದಕ್ಕೆ ಹೊರಗಲ್ಲ. ‘ಜರ್ನಲ್ ಆಫ್ ಯೂನಿವರ್ಸಲ್ ಕಂಪ್ಯೂಟರ್ ಸೈನ್ಸ್’, ಚಿಕ್ಕದಾಗಿ ಜೆ.ಯು.ಸಿ.ಎಸ್. ನಮ್ಮ ಬಾಯಲ್ಲಿ ಅದು ಎರಡೇ ದಿನಕ್ಕೆ ‘ಜ್ಯೂಕ್ಸ್’ ಆಯಿತು. ನವೆಂಬರಿನಲ್ಲಿ ಪ್ರಾಯೋಗಿಕವಾಗಿ ಸೊನ್ನೆಯನೇ ಸಂಪುಟದ ಸೊನ್ನೆಯನೇ ಸಂಚಿಕೆ, 1995ರ ಜನವರಿಯಿಂದ ತಿಂಗಳಿಗೊಂದು. ಎಣಿಕೆಯನ್ನು ಸೊನ್ನೆಯಿಂದ ಶುರುಮಾಡಿದ್ದು ನೋಡಿಯೇ ಇವರು ನಮ್ಮವರು ಎನ್ನಿಸಿತ್ತು.

ಗ್ರಾಜ್ ಬಗ್ಗೆ ನಮಗೆ ಗೊತ್ತಿದ್ದದ್ದು ಒಂದೇ ವಿಷಯ: ನಿಕೋಲಾ ಟೆಸ್ಲಾ ಅಲ್ಲಿ ಓದಿ, ಡಿಗ್ರಿ ಮುಗಿಸದೆ ಹೊರಟುಹೋದ. ಥೀಸಿಸ್ ಮುಗಿಯದೆ ಒದ್ದಾಡುತ್ತಿದ್ದ ನಮ್ಮ ಸೀನಿಯರುಗಳು ಈ ಸಂಗತಿಯನ್ನು ಆಗಾಗ ನೆನಪಿಸಿಕೊಳ್ಳುತ್ತಿದ್ದರು.

ಪರದೆಯ ಮೇಲಿನ ಜರ್ನಲ್ ಎಂದರೆ ನಮ್ಮ ಗೈಡುಗಳು ಮೂಗು ಮುರಿಯುವ ಕಾಲ ಅದು. ಆದರೆ ಇದರ ಸಂಪಾದಕರ ಹೆಸರು ನೋಡಿ ಸುಮ್ಮನಾದರು. ಮೌರರ್ ಜೊತೆಗಿದ್ದವರು ಫಿನ್‌ಲೆಂಡಿನ ತುರ್ಕು ನಗರದ ಆರ್ಟೊ ಸಲೋಮಾ ಮತ್ತು ರುಮೇನಿಯಾದಲ್ಲಿ ಹುಟ್ಟಿ ನ್ಯೂಜಿಲೆಂಡಿನ ಆಕ್ಲೆಂಡ್ ಸೇರಿದ್ದ ಕ್ರಿಸ್ಟಿಯನ್ ಕಲೂಡೆ. ಸಲೋಮಾ 1973ರಲ್ಲಿ ಬರೆದ ‘ಫಾರ್ಮಲ್ ಲ್ಯಾಂಗ್ವೇಜಸ್’ ನಮ್ಮ ಲೈಬ್ರರಿಯಲ್ಲಿ ಹೊಲಿಗೆ ಬಿಟ್ಟು ಮೂರು ಭಾಗವಾಗಿತ್ತು, ಓದಿದ ಕೈಗಳು ಅಷ್ಟು. ಮದ್ರಾಸಿನಲ್ಲಿ ರಾಣಿ ಸಿರೊಮನಿ ಮತ್ತು ಗಿಫ್ಟ್ ಸಿರೊಮನಿಯವರ ಬಳಗ ಚುಕ್ಕಿ ರಂಗೋಲಿಗೆ ವ್ಯಾಕರಣ ಬರೆದದ್ದೂ ಇದೇ ಶಾಸ್ತ್ರದ ಬಲದಿಂದ. ಹಾಗಾಗಿ ದಕ್ಷಿಣ ಭಾರತದ ಥಿಯರಿ ಮಂದಿಗೆ ಸಲೋಮಾ ದೂರದವರಾಗಿರಲಿಲ್ಲ. ಮೌರರ್, ಸಲೋಮಾ, ಡೆರಿಕ್ ವುಡ್ ಮೂವರೂ ಸೇರಿ ಬರೆದ ಪೇಪರುಗಳೇ ಸಾಕಷ್ಟಿದ್ದವು. ಅಂದರೆ ಈ ಜರ್ನಲ್ಲಿನ ಬೇರು ಇದ್ದದ್ದು ಹಳೆಯ ಸ್ನೇಹದಲ್ಲಿ. ಸಲೋಮಾರ ಸೌನಾ ಪ್ರೀತಿ ಆ ವಲಯದಲ್ಲೆಲ್ಲ ಪ್ರಸಿದ್ಧ. ಎಷ್ಟು ಪ್ರಮೇಯಗಳು ಆ ಬಿಸಿ ಹಬೆಯಲ್ಲಿ ಹುಟ್ಟಿದವೋ ಎಂದು ನಾವು ಲೆಕ್ಕ ಹಾಕುತ್ತಿದ್ದೆವು.

ಜರ್ನಲ್ಲಿನ ಕಟ್ಟುಪಾಡುಗಳು ನನಗೆ ಇವತ್ತಿಗೂ ಇಷ್ಟ. ತಿಂಗಳ 28ಕ್ಕೆ ಸಂಚಿಕೆ ಬರಬೇಕು. ಫೆಬ್ರುವರಿಯಲ್ಲೂ ಇರುವ ಕೊನೆಯ ತಾರೀಕು ಅದೇ ಅಂತ ಆರಿಸಿದರೋ ಏನೋ, ನಮ್ಮಲ್ಲಿ ಹಾಗೊಂದು ಊಹೆ ಇತ್ತು. ಪೇಪರುಗಳನ್ನು ಕಂಪ್ಯೂಟರ್ ತಜ್ಞರ ಸಂಘವಾದ ಎಸಿಎಂನ ವರ್ಗೀಕರಣದಂತೆ ಎ ಇಂದ ಕೆ ತನಕ ಹಂಚಿದ್ದರು: ಡಿ ಎಂದರೆ ಸಾಫ್ಟ್‌ವೇರ್, ಎಫ್ ಎಂದರೆ ಗಣನೆಯ ಸಿದ್ಧಾಂತ, ಎಚ್ ಎಂದರೆ ಮಾಹಿತಿ ವ್ಯವಸ್ಥೆಗಳು. ಅಷ್ಟೂ ವಿಷಯಗಳನ್ನು ನೋಡಿಕೊಳ್ಳಲು ನೂರಕ್ಕೂ ಮಿಕ್ಕ ಸಂಪಾದಕರ ಮಂಡಳಿ. ಒಮ್ಮೆ ಅಚ್ಚಾದ ಪೇಪರನ್ನು ಮತ್ತೆ ತಿದ್ದುವಂತಿಲ್ಲ; ಹೇಳುವುದಿದ್ದರೆ ಪಕ್ಕದಲ್ಲಿ ಟಿಪ್ಪಣಿ ಅಂಟಿಸಬಹುದು. ಪ್ರತಿ ಪೇಪರಿಗೂ ಪುಟಸಂಖ್ಯೆ ಇರುತ್ತಿತ್ತು, ವರ್ಷದ ಕೊನೆಗೆ ಸ್ಪ್ರಿಂಗರ್ ಪ್ರಕಾಶನದ ಜೊತೆ ಸೇರಿ ಅದೇ ಪುಟಗಳ ಮುದ್ರಿತ ಸಂಪುಟವನ್ನೂ ತರುತ್ತಿದ್ದರು. ಪರದೆಯ ಮೇಲಿನ ಜರ್ನಲ್ಲಿಗೆ ಪುಟಸಂಖ್ಯೆ ಯಾಕೆ ಎಂದು ನಮ್ಮಲ್ಲಿ ಅಂದು ಜೋರು ವಾದ. ದಾವಣಗೆರೆಯವನ ಪ್ರಕಾರ ಅದು ಕಾರಿನ ಮುಂದೆ ಕುದುರೆ ಕಟ್ಟಿದ ಹಾಗೆ.

ಅವನಿಗೆ ಇಷ್ಟವಾಗಿದ್ದು ಇನ್ನೊಂದು ಭಾಗ: ಹೈಪರ್-ಜಿ. ಗ್ರಾಜ್‌ನವರು 1990ರ ಆಸುಪಾಸಿನಿಂದ ತಾವೇ ಕಟ್ಟುತ್ತಿದ್ದ ಜಾಲ ವ್ಯವಸ್ಥೆ ಅದು, ಜ್ಯೂಕ್ಸ್ ಕೂತಿದ್ದದ್ದು ಅದರ ಮೇಲೆ. ಆಗಷ್ಟೇ ಹರಡುತ್ತಿದ್ದ ವೆಬ್‌ಗಿಂತ ಎಷ್ಟೋ ವಿಷಯದಲ್ಲಿ ಅದು ಮುಂದಿತ್ತು. ವೆಬ್‌ನಲ್ಲಿ ಕೊಂಡಿಗಳು ಪುಟದೊಳಗೇ ಹೂತಿರುತ್ತವೆ, ಅತ್ತ ಕಡೆಯ ಪುಟ ಎದ್ದುಹೋದರೂ ಇತ್ತ ಕಡೆಯದಕ್ಕೆ ಗೊತ್ತಾಗುವುದಿಲ್ಲ. ಹೈಪರ್-ಜಿಯಲ್ಲಿ ಕೊಂಡಿಗಳಿಗೆ ಪ್ರತ್ಯೇಕ ಕಣಜವಿತ್ತು; ಈ ಪೇಪರನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಹಿಂದಕ್ಕೂ ನಡೆದು ನೋಡಬಹುದಿತ್ತು. ಅದನ್ನು ಓದಲು ವಿಂಡೋಸಿನಲ್ಲಿ ಅಮಾಡಿಯಸ್, ಯೂನಿಕ್ಸಿನಲ್ಲಿ ಹಾರ್ಮನಿ ಎಂಬ ಎರಡು ತಂತ್ರಾಂಶ. ಆಸ್ಟ್ರಿಯಾದವರಿಗೆ ಸಂಗೀತದ ಹೆಸರೇ ಬೇಕು!

ಹಾರ್ಮನಿಯನ್ನು ನಮ್ಮ ಸನ್ ವರ್ಕ್‌ಸ್ಟೇಷನ್ನಿಗೆ ಇಳಿಸಿಕೊಳ್ಳುವುದರಲ್ಲೇ ರಾತ್ರಿಗಳು ಕಳೆದವು. ಕೊನೆಗೊಮ್ಮೆ ಅದು ಎದ್ದಾಗ ಪರದೆಯಲ್ಲಿ ಮೂರು ಆಯಾಮದ ಒಂದು ಬಯಲು. ಅದರ ಮೇಲೆ ಚೌಕಾಕಾರದ ಕಟ್ಟೆಗಳು, ಕಟ್ಟೆಗಳ ಮೇಲೆ ಕಂಬಗಳ ಹಾಗೆ ದಾಖಲೆಗಳು. ಮೌಸ್ ಹಿಡಿದು ಮಾಹಿತಿಯ ಮೇಲೆ ಹಾರಿಕೊಂಡು ಹೋಗಬಹುದಿತ್ತು, ತಾತ್ವಿಕವಾಗಿ. ನಮ್ಮ ಯಂತ್ರದಲ್ಲಿ ಒಂದು ಹೆಜ್ಜೆ ಇಟ್ಟರೆ ಚಹಾ ಕುಡಿದು ಬಂದು ಎರಡನೇ ಹೆಜ್ಜೆ ಇಡಬೇಕು. ಫಾರ್ಮಲ್ ಲ್ಯಾಂಗ್ವೇಜಿನಲ್ಲಿ ಕೆಲಸ ಮಾಡುತ್ತಿದ್ದ ಉಡುಪಿಯ ಗೆಳತಿ ಸ್ವಲ್ಪ ಹೊತ್ತು ನೋಡಿ, ‘ನಾನು ಪೇಪರ್ ಓದ್ಲಿಕ್ಕೆ ಬಂದದ್ದು ಮಾರಾಯ, ಕುದುರೆಮುಖ ಹತ್ಲಿಕ್ಕೆ ಅಲ್ಲ’ ಎಂದು ಎದ್ದುಹೋದಳು. ಆಮೇಲೆ ನಾವೂ ವೆಬ್ ಬಾಗಿಲಿನಿಂದಲೇ ಹೋಗಿ ಪೋಸ್ಟ್‌ಸ್ಕ್ರಿಪ್ಟ್ ಫೈಲು ಇಳಿಸಿಕೊಳ್ಳತೊಡಗಿದೆವು.

28ರ ರಾತ್ರಿ ಲ್ಯಾಬಿನಲ್ಲಿ ಒಂದು ಬಗೆಯ ಜಾತ್ರೆ. ಗ್ರಾಜ್‌ನಲ್ಲಿ ಮಧ್ಯಾಹ್ನವಾದರೆ ನಮಗೆ ಕತ್ತಲಾಗಿರುತ್ತಿತ್ತು. ಅಲ್ಲಿಯವರು ಓದುವ ದಿನವೇ ನಾವೂ ಓದುತ್ತಿದ್ದೇವೆ, ಹಡಗಿನ ಹಂಗಿಲ್ಲ ಎಂಬ ಖುಷಿ ಎಷ್ಟಿತ್ತೆಂದರೆ, ನಮ್ಮ ವಿಷಯಕ್ಕೆ ಸಂಬಂಧವೇ ಇಲ್ಲದ ಪೇಪರನ್ನೂ ಇಳಿಸುತ್ತಿದ್ದೆವು. ಮೊದಲ ದಿನಗಳಲ್ಲಿ ಓದಲು ಕಾಸು ಕೇಳುತ್ತಿರಲಿಲ್ಲ ಎನ್ನುವುದೂ ಸಣ್ಣ ವಿಷಯವಲ್ಲ. ಖರ್ಚೆಲ್ಲ ಪ್ರಿಂಟರಿನದು. ಕಾಗದಕ್ಕೆ ರೇಷನ್ ಇದ್ದುದರಿಂದ ಹಳೆಯ ಪ್ರೋಗ್ರಾಮುಗಳ ಹಿಂಬದಿಯಲ್ಲೇ ಮುದ್ರಣ. ನನ್ನ ಹತ್ತಿರವಿದ್ದ ಒಂದು ಪೇಪರಿನ ಹಿಂದೆ ಸಿವಿಲ್ ವಿಭಾಗದವರ ಸೇತುವೆಯ ಲೆಕ್ಕವಿತ್ತು.

1996ರಲ್ಲಿ ಗ್ರೆಗರಿ ಚೈಟಿನ್‌ರ ‘ದ ಲಿಮಿಟ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಜ್ಯೂಕ್ಸ್‌ನಲ್ಲಿ ಬಂದಾಗ ಆದ ಗಲಾಟೆ ಹೇಳಲೇಬೇಕು. ಗಣಿತದಲ್ಲಿ ಸಾಧಿಸಲಾಗದ ಸತ್ಯಗಳಿವೆ ಎಂದು ಗೋಡೆಲ್ 1931ರಲ್ಲೇ ತೋರಿಸಿದ್ದ. ಚೈಟಿನ್ ಆ ಮಿತಿಯನ್ನು ಲಿಸ್ಪ್ ಭಾಷೆಯ ಪ್ರೋಗ್ರಾಮುಗಳ ಉದ್ದದಲ್ಲಿ ಅಳೆದು ತೋರಿಸುತ್ತಾರೆ: ಇಷ್ಟು ಬಿಟ್ಟಿನ ಆಧಾರಸೂತ್ರಗಳಿಂದ ಇಷ್ಟರ ಮೇಲೆ ತಿಳಿಯಲು ಸಾಧ್ಯವೇ ಇಲ್ಲ. ಅದನ್ನು ಓದಿದ ರಾತ್ರಿ ಉಡುಪಿಯವಳಿಗೂ ದಾವಣಗೆರೆಯವನಿಗೂ ಕ್ಯಾಂಟೀನಿನಲ್ಲಿ ಹತ್ತಿದ ಜಗಳ ಬೆಳಗಿನ ಹಾಲಿನ ವ್ಯಾನು ಬಂದರೂ ನಿಲ್ಲಲಿಲ್ಲ. ಇದು ಗಣಿತವೋ, ಬರೀ ಪ್ರೋಗ್ರಾಮಿಂಗ್ ಚಮತ್ಕಾರವೋ? ಹಾಗೆ ಜಗಳವಾಡಲು ಇಬ್ಬರೂ ಒಂದೇ ರಾತ್ರಿ ಓದಿರಬೇಕಿತ್ತು. ಆ ಸೌಭಾಗ್ಯ ಹಡಗಿನ ಜರ್ನಲ್ಲುಗಳು ಕೊಟ್ಟದ್ದಿಲ್ಲ. ಅಲ್ಲಿ ಇರುವ ಒಂದು ಪ್ರತಿಗೆ ಸರದಿ.

ಓದುವುದು ಸರಿ, ಅದರಲ್ಲಿ ಬರೆದರೆ? ನಮ್ಮಲ್ಲೊಬ್ಬ ಅಲ್ಲಿಗೆ ಪೇಪರ್ ಕಳಿಸಲು ಹೊರಟಾಗ ಹಿರಿಯರೊಬ್ಬರು ಕೇಳಿದ ಪ್ರಶ್ನೆ: ‘ಸಂದರ್ಶನದಲ್ಲಿ ತೋರಿಸು ಅಂದ್ರೆ ಏನು, ಟಿವಿ ಹೊತ್ಕೊಂಡ್ ಹೋಗ್ತೀಯಾ?’ ತಮಾಷೆಯಾಗಿ ಕೇಳಿದ್ದಲ್ಲ. ಬಡ್ತಿಯ ಸಮಿತಿಗಳಿಗೆ ಬೇಕಿದ್ದದ್ದು ಸಂಪುಟ, ಸಂಚಿಕೆ, ಪುಟ. ಆಗ ಹೊಳೆಯಿತು ಗ್ರಾಜ್‌ನವರು ಪುಟಸಂಖ್ಯೆ ಯಾಕೆ ಇಟ್ಟರೆಂದು. ಜಗತ್ತಿನ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇಂಥ ಹಿರಿಯರು ಇದ್ದಾರೆ, ಅವರ ಬಾಯಿ ಮುಚ್ಚಿಸದೆ ಹೊಸ ಜರ್ನಲ್ ಬದುಕುವುದಿಲ್ಲ ಎಂದು ಮೌರರ್‌ಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಹೈಪರ್-ಜಿ ಹೈಪರ್‌ವೇವ್ ಎಂಬ ಹೆಸರಿನ ವಾಣಿಜ್ಯ ಸರಕಾಯಿತು. ಲೋಕ ವೆಬ್ಬಿನ ಹಿಂದೆ ಹೋಯಿತು. ನಾವು ಚದುರಿದೆವು. ಜರ್ನಲ್ ಮಾತ್ರ ಬೆಳೆಯಿತು. ಎಸಿಎಂನ ಹನ್ನೊಂದು ಅಕ್ಷರ ಸಾಲದೆ ಕಲಿಕೆಯ ತಂತ್ರಜ್ಞಾನಕ್ಕೆ ಎಲ್, ಜ್ಞಾನ ನಿರ್ವಹಣೆಗೆ ಎಂ ಎಂದು ತಾನೇ ಎರಡನ್ನು ಸೇರಿಸಿಕೊಂಡಿತು. 2001ರಿಂದ ಗ್ರಾಜ್‌ನಲ್ಲಿ ನಡೆಯತೊಡಗಿದ ಐ-ನೋ ಸಮ್ಮೇಳನದ ಪೇಪರುಗಳು, ಬ್ರೆಜಿಲಿನವರ ಪ್ರೋಗ್ರಾಮಿಂಗ್ ಭಾಷೆಗಳ ಗೋಷ್ಠಿಯ ಪೇಪರುಗಳು ವಿಶೇಷ ಸಂಚಿಕೆಗಳಾಗಿ ಬಂದವು. ಸಿದ್ಧಾಂತದವರ ಪಾಲು ಕಡಿಮೆಯಾಗುತ್ತ ಬಂತು ಎಂದು ಉಡುಪಿಯವಳ ದೂರು. ನನಗೂ ವಿಶೇಷ ಸಂಚಿಕೆಗಳು ಸ್ವಲ್ಪ ಅತಿಯಾದವು ಎನ್ನಿಸಿದ್ದಿದೆ. ಮಲೇಷ್ಯಾದ ಸರವಾಕ್ ವಿಶ್ವವಿದ್ಯಾಲಯ ಗ್ರಾಜ್ ಜೊತೆ ಕೈಜೋಡಿಸಿತು, ಆಮೇಲೆ ಇನ್ನಷ್ಟು ವಿಶ್ವವಿದ್ಯಾಲಯಗಳ ಒಕ್ಕೂಟವಾಯಿತು. 2021ರ ಹೊತ್ತಿಗೆ ಪ್ರಕಟಣೆಯ ಕೆಲಸ ಬಲ್ಗೇರಿಯಾದ ಪೆನ್‌ಸಾಫ್ಟ್ ಸಂಸ್ಥೆಗೆ ಹೋಯಿತು. ಈಗಲೂ ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು.

ಮೂರು ಆಯಾಮದ ಬಯಲು, ಹಿಂದಕ್ಕೂ ನಡೆಯುವ ಕೊಂಡಿ, ಪಕ್ಕದಲ್ಲಿ ಅಂಟಿಸುವ ಟಿಪ್ಪಣಿ, ಹೀಗೆ ಹೊಸದೆಂದು ಡಂಗುರ ಹೊಡೆದದ್ದೆಲ್ಲ ಒಂದೊಂದಾಗಿ ಉದುರಿತು. ಪುಟಸಂಖ್ಯೆ, ಸಂಪುಟ, ರೆಫರಿಗಳು, ಒಮ್ಮೆ ಅಚ್ಚಾದದ್ದನ್ನು ಮುಟ್ಟಬಾರದೆಂಬ ಹಟ ಉಳಿದವು. ಜ್ಯೂಕ್ಸ್ ನಿಂತದ್ದು ತನ್ನ ಮುದುಕತನದಿಂದ ಎಂದು ನಾನು ಹೇಳಿದರೆ ದಾವಣಗೆರೆಯವನು ಈಗಲೂ ಒಪ್ಪುವುದಿಲ್ಲ. ಹೈಪರ್-ಜಿ ಗೆದ್ದಿದ್ದರೆ ಇವತ್ತು ವೆಬ್‌ನಲ್ಲಿ ಸತ್ತ ಕೊಂಡಿಗಳೇ ಇರುತ್ತಿರಲಿಲ್ಲ ಎಂದು ವಾದಿಸುತ್ತಾನೆ. ಅದೂ ನಿಜವೇ.

ಆ ಕಾಲದ ಮುದ್ರಿತ ಸಂಪುಟವನ್ನು ನಮ್ಮಲ್ಲಿ ಯಾರೂ ಕೊಳ್ಳಲಿಲ್ಲ, ಒಂದನ್ನು ಮಾತ್ರ ನಾವೇ ತಯಾರಿಸಿದೆವು. ಹಾಸನದ ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಗೆಳೆಯನಿಗೆ ನೆಟ್ಟೂ ಇರಲಿಲ್ಲ, ಜರ್ನಲ್ಲೂ ಇರಲಿಲ್ಲ. ಅವನಿಗಾಗಿ ತಿಂಗಳು ತಿಂಗಳು ಪ್ರಿಂಟ್ ತೆಗೆದು ಬುಕ್‌ಪೋಸ್ಟಿನಲ್ಲಿ ಕಳಿಸುತ್ತಿದ್ದೆವು. ವರ್ಷದ ಕೊನೆಗೆ ಅವನು ಅವನ್ನೆಲ್ಲ ಕೆಂಪು ರಟ್ಟು ಹಾಕಿಸಿ ಬೈಂಡ್ ಮಾಡಿಸಿ, ಕಾಲೇಜಿನ ಲೈಬ್ರರಿಗೆ ಸೇರಿಸಲು ಒಯ್ದ. ಲೈಬ್ರೇರಿಯನ್ ಜಪ್ಪಯ್ಯ ಎಂದರೂ ಒಪ್ಪಲಿಲ್ಲ, ಬಿಲ್ ಇಲ್ಲದ ಪುಸ್ತಕಕ್ಕೆ ನಂಬರ್ ಕೊಡುವಂತಿಲ್ಲ. ಉಡುಗೊರೆ ಎಂದು ಬರೆದುಕೊಳ್ಳಿ ಎಂದದ್ದಕ್ಕೆ, ಕೊಟ್ಟವರ ಹೆಸರು, ವಿಳಾಸ ಬೇಕೆಂದರು. ಇವನು ಸಿಟ್ಟಿನಲ್ಲಿ ‘ಗ್ರಾಜ್, ಆಸ್ಟ್ರಿಯಾ’ ಅಂದ. ಅವರು ಹಾಗೆಯೇ ರಿಜಿಸ್ಟರಿನಲ್ಲಿ ಬರೆದು, ಒಳರಟ್ಟಿನ ಮೇಲೆ ಮೊಹರು ಒತ್ತಿ, ಆಸ್ಟ್ರಿಯಾಕ್ಕೆ ಕಳಿಸಲೆಂದು ಒಂದು ಧನ್ಯವಾದ ಪತ್ರವನ್ನೂ ಟೈಪು ಮಾಡಿ ಇವನ ಕೈಗಿತ್ತು, ಸ್ಟಾಂಪಿನ ದುಡ್ಡು ನೀವೇ ಹಾಕಬೇಕು ಸಾರ್ ಎಂದರಂತೆ.