ನಾಲ್ಕನೇ ಗುರುವಾರದ ಚತುರ್ಥಿ

ಸೋಮವಾರ

ಊಟಕ್ಕೆ ಕರೆದವರೇ ‘ನೀವೇನು ತರುತ್ತೀರಿ?’ ಎಂದು ಕೇಳಿದ್ದಾರೆ. ಕರೆದವರು ಬೀಗಿತ್ತಿ, ಅಳಿಯನ ತಾಯಿ. ಮಗಳ ಫೋನಿಗೆ ಪಟ್ಟಿ ಬಂದಿದೆ. ಒಂದು ಕಡೆ ಹೆಸರು, ಎದುರಿಗೆ ಪದಾರ್ಥ. ಹಿಸುಕಿದ ಆಲೂಗಡ್ಡೆ ಅಳಿಯನ ಅಣ್ಣನದು, ಬ್ರೆಡ್ಡು ಅತ್ತಿಗೆಯದು, ಪೈ ಇನ್ಯಾರದೋ. ಒಟ್ಟು ಇಪ್ಪತ್ತಮೂರು ಜನ. ನನ್ನ ಹೆಸರಿನ ಎದುರು ಖಾಲಿ.

ನಮ್ಮ ಸಾಗರದ ಕಡೆ ಹಬ್ಬದೂಟಕ್ಕೆ ಕರೆದು ಹೀಗೆ ಕೇಳಿದರೆ ಆ ಮನೆಯ ಮೆಟ್ಟಿಲನ್ನು ಎರಡು ತಲೆಮಾರು ಯಾರೂ ಹತ್ತುವುದಿಲ್ಲ. ಇಲ್ಲಿ, ಅಮೆರಿಕದಲ್ಲಿ, ಕೇಳದಿದ್ದರೇ ಬೇಸರವಂತೆ. ‘ನನ್ನ ಕೈ ಅಡಿಗೆ ಅವರಿಗೆ ಬೇಡವಾಯ್ತು’ ಎಂದುಕೊಳ್ಳುತ್ತಾರಂತೆ. ಮಗಳು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡಿದ್ದೇನೆ.

ಈ ಥ್ಯಾಂಕ್ಸ್‌ಗಿವಿಂಗ್ ಎಂಥ ಹಬ್ಬ ಎಂದು ಇನ್ನೂ ಹಿಡಿತಕ್ಕೆ ಸಿಕ್ಕಿಲ್ಲ. ಪೂಜೆಯಿಲ್ಲ, ಹೊಸ ಬಟ್ಟೆಯಿಲ್ಲ, ಪಟಾಕಿಯಿಲ್ಲ, ಉಡುಗೊರೆಯೂ ಇಲ್ಲ. ಉಣ್ಣುವುದು, ಥ್ಯಾಂಕ್ಸ್ ಹೇಳುವುದು. ಅದನ್ನಂತೂ ಇವರು ವರ್ಷವಿಡೀ ಹೇಳುತ್ತಾರೆ. ಮೊನ್ನೆ ಅಂಗಡಿಯಲ್ಲಿ ದುಡ್ಡು ಕೊಟ್ಟವಳು ನಾನು, ತೆಗೆದುಕೊಂಡವಳು ಅವಳು. ಇಬ್ಬರ ನಡುವೆ ನಾಲ್ಕು ಥ್ಯಾಂಕ್ಯೂ ಓಡಾಡಿದವು. ಬಸ್ಸಿಳಿಯುವವರು ಡ್ರೈವರಿಗೆ ಕೂಗಿ ಹೇಳಿ ಇಳಿಯುತ್ತಾರೆ. ನಾಲ್ಕು ವರ್ಷದ ಮೊಮ್ಮಗಳು ನೀರು ಕೊಟ್ಟರೂ ‘ಥ್ಯಾಂಕ್ಯೂ ಅಜ್ಜಿ’ ಎನ್ನುತ್ತಾಳೆ. ಮೊದಲ ಸಲ ಕೇಳಿದಾಗ ನನಗೆ ಪೆಚ್ಚೆನಿಸಿತ್ತು. ಇಷ್ಟಿದ್ದೂ ಇದಕ್ಕೇ ಮೀಸಲಾದ ಒಂದು ದಿನ ಯಾಕೆ?

ಮಂಗಳವಾರ

ಬೀಗಿತ್ತಿಯ ಮನೆಗೆ ಹೋಗಿದ್ದೆವು. ಮ್ಯಾಸಚೂಸೆಟ್ಸ್‌ನ ತೆಂಕಣ ಭಾಗ. ಪ್ಲಿಮತ್ ಎಂಬ ಊರಿನಿಂದ ಕಾರಿನಲ್ಲಿ ಅರ್ಧ ಗಂಟೆ. ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಹದಿನೆಂಟು ಪೌಂಡಿನ ಟರ್ಕಿ ಕೋಳಿ ಭಾನುವಾರದಿಂದ ಮಲಗಿದೆ. ಹೆಪ್ಪುಗಟ್ಟಿದ್ದು ಕರಗಬೇಕಲ್ಲ, ನಾಲ್ಕೈದು ಪೌಂಡಿಗೆ ಒಂದು ದಿನದ ಲೆಕ್ಕವಂತೆ. ನಾನು ಮುಟ್ಟುವವಳಲ್ಲ, ಆದರೆ ಲೆಕ್ಕ ಕೇಳುವುದಕ್ಕೆ ಮಡಿಯೇನು?

ಈ ಹಕ್ಕಿಯ ಹೆಸರೇ ಒಂದು ಒಗಟು. ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಇಂಗ್ಲಿಷರು ಅದನ್ನು ಟರ್ಕಿ ದೇಶದ್ದೆಂದುಕೊಂಡರು. ಟರ್ಕಿಯವರು ಅದನ್ನು ‘ಹಿಂದಿ’ ಎನ್ನುತ್ತಾರೆ, ಭಾರತದ್ದು ಎಂಬ ಅರ್ಥದಲ್ಲಿ. ಫ್ರೆಂಚರ ‘ದ್ಯಾಂಡ್’ ಕೂಡ ಇಂಡಿಯಾದ್ದು ಎಂಬುದರಿಂದಲೇ ಬಂದದ್ದು. ಪೋರ್ಚುಗೀಸರು ‘ಪೆರು’ ಎಂದುಬಿಟ್ಟರು. ಯಾರೂ ತಮ್ಮದೆನ್ನದೆ ಪಕ್ಕದ ಮನೆಗೆ ದಾಟಿಸಿದ ಹಾಗಿದೆ. ನಮ್ಮಲ್ಲಿಗೆ ಬಂದದ್ದು ಮಾತ್ರ ಗೋವಾ ದಾರಿಯಿಂದ. 1612ರಲ್ಲಿ ಮೊಗಲ್ ಆಸ್ಥಾನದ ಮುಕರ್ರಬ್ ಖಾನ್ ಗೋವಾದಿಂದ ಇದನ್ನು ಒಯ್ದು ಜಹಾಂಗೀರನಿಗೆ ಒಪ್ಪಿಸಿದ. ಬಾದಶಹ ಬೆರಗಾಗಿ ವರ್ಣನೆ ಬರೆದಿಟ್ಟ, ಚಿತ್ರಕಾರ ಮನ್ಸೂರನ ಕೈಯಲ್ಲಿ ಚಿತ್ರ ಬರೆಸಿದ. ಈ ಹಬ್ಬದ ಮೂಲವೆಂದು ಇವರೆಲ್ಲ ನೆನೆಸಿಕೊಳ್ಳುವ ಪ್ಲಿಮತ್ತಿನ ಊಟ ನಡೆದದ್ದು 1621ರಲ್ಲಿ. ಅಂದರೆ ಈ ಕೋಳಿಯನ್ನು ಕಂಡು ಬೆರಗಾಗುವ ವಿಷಯದಲ್ಲಿ ನಾವು ಒಂಬತ್ತು ವರ್ಷ ಹಿರಿಯರು. ಬೀಗರಿಗೆ ಹೇಳಿದೆ. ನಕ್ಕು ‘ಥ್ಯಾಂಕ್ಯೂ’ ಎಂದರು. ಯಾಕೆಂದು ತಿಳಿಯಲಿಲ್ಲ.

ಬುಧವಾರ

ಪಟ್ಟಿಯಲ್ಲಿ ನನ್ನ ಸಾಲು ತುಂಬಿತು: ಕ್ರ್ಯಾನ್‌ಬೆರಿ ಗೊಜ್ಜು.

ಅಕ್ಟೋಬರಿನಲ್ಲಿ ಇದರ ಕೊಯ್ಲು ನೋಡಿದ್ದೆ. ನೆಲಕ್ಕೆ ಅಂಟಿಕೊಂಡು ಹಬ್ಬುವ ಬಳ್ಳಿ. ಮರಳು ಹರಡಿದ ಜೌಗು ನೆಲ, ಸುತ್ತ ಬದು, ನೀರು ಬಿಡಲು ತೂಬು, ದೂರದಿಂದ ನೋಡಿದರೆ ನಮ್ಮ ಭತ್ತದ ಗದ್ದೆಯೇ. ಕೊಯ್ಲಿನ ಹೊತ್ತಿಗೆ ಗದ್ದೆಗೆ ನೀರು ತುಂಬುತ್ತಾರೆ. ಒಂದೊಂದು ಕಾಯಿಯೊಳಗೂ ನಾಲ್ಕು ಗಾಳಿಯ ಕೋಣೆಗಳಿರುವುದರಿಂದ ಬಳ್ಳಿಯಿಂದ ಬಿಡಿಸಿದ ಕಾಯಿ ಮೇಲೆ ತೇಲುತ್ತದೆ. ಎದೆಮಟ್ಟದ ರಬ್ಬರು ಉಡುಪು ತೊಟ್ಟವರು ಕುಂಕುಮದ ಕೆರೆಯಲ್ಲಿ ನಿಂತ ಹಾಗೆ ನಿಂತು ಅದನ್ನು ಒಂದು ಮೂಲೆಗೆ ಸರಿಸುತ್ತಿದ್ದರು. ನಾನು ಬದುವಿನ ಮೇಲೆ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆ. ತಿಂದು ನೋಡಿದರೆ ನಮ್ಮ ಕವಳೆಹಣ್ಣಿನ ದಾಯಾದಿ: ಅದೇ ಹುಳಿ, ಅದೇ ಒಗರು. ಮಗಳು ಊರಿಂದ ತಂದಿಟ್ಟುಕೊಂಡ ಜೋನಿಬೆಲ್ಲವಿತ್ತು. ಮೆಂತ್ಯ ಹುರಿದು, ಮೆಣಸಿನಕಾಯಿ ಹಾಕಿ, ಬೆಲ್ಲ ಬಿಟ್ಟು, ಕೊನೆಗೆ ಸಾಸಿವೆ ಇಂಗಿನ ಒಗ್ಗರಣೆ. ಬೆಂಕಿಯ ಮೇಲೆ ಕಾಯಿ ಪಟಪಟ ಒಡೆಯುತ್ತವೆ. ಆ ನಾಲ್ಕು ಕೋಣೆಗಳ ಗಾಳಿಯೇ ಇರಬೇಕು.

ಗೊಜ್ಜು ಆರುವ ಹೊತ್ತಿಗೆ ಅಳಿಯ ಹಬ್ಬದ ಚರಿತ್ರೆ ಹೇಳಿದ. ಇದನ್ನು ರಾಷ್ಟ್ರದ ಹಬ್ಬ ಮಾಡಬೇಕೆಂದು ವರ್ಷಗಟ್ಟಲೆ ಪತ್ರ ಬರೆದವಳು ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ. ನಮ್ಮ ಕಾನ್ವೆಂಟ್ ಮಕ್ಕಳು ಕೈಕಟ್ಟಿ ಹಾಡುವ ಮೇರಿಯ ಕುರಿಮರಿಯ ಪದ್ಯವೂ ಅವಳದೇ! ಕೊನೆಗೆ 1863ರಲ್ಲಿ, ಅಂತರ್ಯುದ್ಧದ ನಡುವೆ, ಲಿಂಕನ್ ನವೆಂಬರಿನ ಕೊನೆಯ ಗುರುವಾರ ಎಂದು ಸಾರಿದ. 1939ರಲ್ಲಿ ರೂಸ್‌ವೆಲ್ಟ್ ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಹೆಚ್ಚು ಸಿಗಲೆಂದು ಒಂದು ವಾರ ಮೊದಲಿಗೇ ಎಳೆದ. ಕೆಲವು ರಾಜ್ಯಗಳು ಹೊಸ ಗುರುವಾರ ಉಂಡವು, ಕೆಲವು ಹಳೆಯದನ್ನು ಬಿಡಲಿಲ್ಲ. ಸ್ಮಾರ್ತರ ಏಕಾದಶಿ ಒಂದು ದಿನ, ವೈಷ್ಣವರದು ಮರುದಿನ ಎಂದು ಪಂಚಾಂಗ ನೋಡಿ ಬೆಳೆದವಳಿಗೆ ಇದರಲ್ಲಿ ಅಚ್ಚರಿಯೇನಿಲ್ಲ. 1941ರಲ್ಲಿ ಕಾಂಗ್ರೆಸ್ ಕಾನೂನು ಮಾಡಿ ನಾಲ್ಕನೇ ಗುರುವಾರ ಎಂದು ಮುಗಿಸಿತು.

ಮಗಳು ಮಲಗುವ ಮುಂಚೆ ಎಚ್ಚರಿಸಿದಳು: ‘ಅಮ್ಮಾ, ನಾಳೆ ಊಟಕ್ಕೆ ಮೊದಲು ಎಲ್ಲರೂ ಒಂದೊಂದು ಮಾತು ಹೇಳಬೇಕು, ಯಾವುದಕ್ಕೆ ಥ್ಯಾಂಕ್ಸ್ ಅಂತ. ನೀನೂ ಒಂದು ವಾಕ್ಯ ಯೋಚಿಸಿಟ್ಟುಕೋ. ಭಾಷಣ ಬೇಡ.’

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಒಂದು ವಾಕ್ಯ!

ಗುರುವಾರ

ಬೆಳಿಗ್ಗೆ ಟಿವಿಯಲ್ಲಿ ನ್ಯೂಯಾರ್ಕಿನ ಮೆರವಣಿಗೆ. ಆಮೇಲೆ ಫುಟ್‌ಬಾಲ್, ಅದಕ್ಕೆ ಫುಟ್ಟು ಅಷ್ಟಾಗಿ ತಾಗುವುದಿಲ್ಲ. ಗಂಡಸರೆಲ್ಲ ಅಲ್ಲಿ.

ಊಟ ಮಧ್ಯಾಹ್ನ ಮೂರೂವರೆಗೆ. ಹಗಲಿನದೂ ಅಲ್ಲ, ರಾತ್ರಿಯದೂ ಅಲ್ಲ. ಕೇಳಿದರೆ ‘ಡಿನ್ನರ್’ ಎಂದರು.

ನೆಂಟಸ್ತಿಕೆ ಬರೆದುಕೊಳ್ಳಲು ಹೋಗಿ ಪೆನ್ನು ನಿಂತಿತು. ಪೈ ತಂದವರು ಬೀಗರ ತಮ್ಮನ ಮೊದಲ ಹೆಂಡತಿ. ಅವರು ಈಗಿನ ಗಂಡನ ಜೊತೆ ಬಂದಿದ್ದಾರೆ. ಬೀಗರ ತಮ್ಮ ಈಗಿನ ಹೆಂಡತಿಯ ಜೊತೆ ಬಂದಿದ್ದಾರೆ. ಗಂಡಂದಿರಿಬ್ಬರೂ ಒಂದೇ ಸೋಫಾದಲ್ಲಿ ಕೂತು ಒಂದೇ ತಂಡಕ್ಕೆ ಬೈಯುತ್ತಿದ್ದಾರೆ. ಆಕೆ ಗಂಡನನ್ನು ಬಿಟ್ಟಿದ್ದಾರೆ, ಪೈ ಮಾಡುವುದನ್ನು ಬಿಟ್ಟಿಲ್ಲ. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಎಂದು ಇವರಿಗಿಲ್ಲದ ಪದಗಳೆಲ್ಲ ನಮ್ಮಲ್ಲಿವೆ ಎಂದು ಕ್ಲಾಸಿನಲ್ಲಿ ಹೆಮ್ಮೆಪಟ್ಟು ಹೇಳಿದವಳು ನಾನು. ಈಕೆ ನನಗೇನಾಗಬೇಕು? ಪದವಿಲ್ಲ. ‘ಪೈ ಅಕ್ಕ’ ಎಂದು ಬರೆದುಕೊಂಡೆ. ಕುಂಬಳಕಾಯಿ ಪೈ ಚೆನ್ನಾಗಿತ್ತು. ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಶುಂಠಿ. ಕಣ್ಣು ಮುಚ್ಚಿದರೆ ನಮ್ಮ ಘಟ್ಟದ ಕೆಳಗಿನ ಯಾವುದೋ ಅಡಿಗೆಮನೆ.

ಅಳಿಯನ ಅಜ್ಜನ ಕ್ರ್ಯಾನ್‌ಬೆರಿ ತಗಡಿನ ಡಬ್ಬಿಯಿಂದ ಜಾರಿ ತಟ್ಟೆಗೆ ಬಂತು, ಡಬ್ಬಿಯ ಬಳೆಬಳೆ ಗೆರೆಗಳ ಸಮೇತ. ಕೊಟ್ಟೆ ಕಡುಬಿನ ಮೇಲೆ ಎಲೆಯ ನರ ಮೂಡುತ್ತದಲ್ಲ, ಹಾಗೆ. ಗೆರೆ ಹಿಡಿದೇ ಬಿಲ್ಲೆ ಕೊಯ್ದರು. ಗೆರೆಯಿಲ್ಲದಿದ್ದರೆ ಅಜ್ಜ ತಿನ್ನುವುದಿಲ್ಲವಂತೆ.

ಎಲ್ಲರೂ ಕೂತ ಮೇಲೂ ಒಂದು ಕುರ್ಚಿ ಖಾಲಿ. ಅಜ್ಜನ ಮೊಮ್ಮಗಳು, ಕಾಲೇಜಿಗೆ ಹೋಗುವವಳು, ಪ್ಲಿಮತ್ತಿನಿಂದ ಬರಬೇಕಿತ್ತು. ಅಲ್ಲಿನ ಕೋಲ್ಸ್ ಹಿಲ್ ಗುಡ್ಡದಲ್ಲಿ, ಮ್ಯಾಸಸಾಯಿಟ್ ದೊರೆಯ ಪ್ರತಿಮೆಯ ಹತ್ತಿರ, 1970ರಿಂದ ಪ್ರತಿ ವರ್ಷ ಇದೇ ದಿನ ಮಧ್ಯಾಹ್ನ ಮೂಲನಿವಾಸಿಗಳು ಸೇರಿ ಶೋಕದಿನ ಆಚರಿಸುತ್ತಾರೆ. ವಾಂಪನೋಗ್ ಜನರ ಫ್ರಾಂಕ್ ಜೇಮ್ಸ್ ಎಂಬವರನ್ನು ಆ ಮೊದಲ ವರ್ಷ, ಇಂಗ್ಲಿಷ್ ವಲಸಿಗರು ಅಲ್ಲಿಗೆ ಬಂದದ್ದರ 350ನೇ ವಾರ್ಷಿಕೋತ್ಸವದ ಔತಣದಲ್ಲಿ ಮಾತಾಡಲು ಕರೆದು, ಬರೆದ ಭಾಷಣ ಓದಿ ನೋಡಿ, ಇದು ಬೇಡ ಎಂದರಂತೆ. ಅವರು ಗುಡ್ಡಕ್ಕೆ ಹೋಗಿ ಮಾತಾಡಿದರು.

ಹುಡುಗಿ ಚಳಿಗೆ ಕೆಂಪಾದ ಮೂಗು ಹೊತ್ತು ಬಂದಳು. ಅಜ್ಜ ಏನೂ ಕೇಳಲಿಲ್ಲ. ಕುರ್ಚಿಯನ್ನು ಹೀಟರಿನ ಹತ್ತಿರಕ್ಕೆ ಎಳೆದುಕೊಟ್ಟರು. ಅವಳೇ ನನ್ನ ಪಕ್ಕ ಕೂತು ತಗ್ಗಿದ ದನಿಯಲ್ಲಿ ಹೇಳಿದಳು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಬಂದವರು 102 ಜನ. ಮೊದಲ ಚಳಿಗಾಲಕ್ಕೇ ಸುಮಾರು ಅರ್ಧ ಜನ ಸತ್ತರು. ಅವರು ಮನೆ ಕಟ್ಟಿದ ಜಾಗ ಪಟಕ್ಸೆಟ್ ಎಂಬ ಊರು. ಅದಕ್ಕೆ ಕೆಲವೇ ವರ್ಷ ಮುಂಚೆ ರೋಗ ಬಂದು ಊರಿಗೆ ಊರೇ ಅಳಿದಿತ್ತು. ಆ ಊರಿನ ಟಿಸ್ಕ್ವಾಂಟಮ್ 1614ರಲ್ಲಿ ಅಪಹರಣವಾಗಿ ಸ್ಪೇನಿಗೆ ಹೋಗಿ, ಹೇಗೋ ಮರಳಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಬಂದವರಿಗೆ ಮೆಕ್ಕೆಜೋಳ ಬಿತ್ತಲು ಕಲಿಸಿದವನು ಅವನೇ. 1621ರ ಸುಗ್ಗಿಯೂಟ ಮೂರು ದಿನ ನಡೆಯಿತು. ಮ್ಯಾಸಸಾಯಿಟ್ ತೊಂಬತ್ತು ಜನರೊಂದಿಗೆ ಬಂದ, ಅವನ ಕಡೆಯವರು ಐದು ಜಿಂಕೆ ತಂದರು.

ಕರೆದವರ ಮನೆಗೆ ಉಣ್ಣುವವರೇ ಪದಾರ್ಥ ಒಯ್ಯುವುದು ಆಗಿನಿಂದಲೇ ಇತ್ತು ಎಂದಾಯಿತು.

ಅಳಿಯನ ಅಜ್ಜಿ ಕಣ್ಣು ಮುಚ್ಚಿ ದೇವರಿಗೆ ಎರಡು ಮಾತು ಹೇಳಿದರು. ಬೀಗರಿಗೆ ದೇವರಲ್ಲಿ ನಂಬಿಕೆಯಿಲ್ಲ. ಕಣ್ಣು ತೆರೆದುಕೊಂಡೇ, ತಲೆ ಮಾತ್ರ ತಗ್ಗಿಸಿದರು. ಆಮೇಲೆ ಸರತಿ ಶುರು. ಒಬ್ಬರು ಆರೋಗ್ಯಕ್ಕಾಗಿ. ಒಬ್ಬರು ಹೊಸ ಕೆಲಸಕ್ಕಾಗಿ. ಅಜ್ಜ ಹೊಸ ಮಂಡಿಚಿಪ್ಪಿಗಾಗಿ. ಮಕ್ಕಳ ಮೇಜಿನಿಂದ ಒಬ್ಬ ನಾಳೆ ಶಾಲೆ ಇಲ್ಲದ್ದಕ್ಕಾಗಿ. ಪ್ಲಿಮತ್ತಿನಿಂದ ಬಂದ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಐದು ಜಿಂಕೆಗಳಿಗಾಗಿ ಎಂದಳು.

ಇಲ್ಲಿ ನನಗೆ ತೊಡಕಾಯಿತು. ಎಲ್ಲರ ವಾಕ್ಯದಲ್ಲೂ ‘ಫಾರ್’ ಇದೆ. ‘ಟು’ ಒಂದರಲ್ಲೂ ಇಲ್ಲ. ಆರೋಗ್ಯಕ್ಕಾಗಿ ಸರಿ, ಯಾರಿಗೆ? ಕೆಲಸಕ್ಕಾಗಿ ಸರಿ, ಯಾರಿಗೆ? ಅಜ್ಜಿಯ ವಾಕ್ಯದಲ್ಲಿ ದೇವರಿದ್ದ, ಅದು ಪೂರ್ಣವಾಯಿತು. ಮಿಕ್ಕವೆಲ್ಲ ವಿಳಾಸ ಬರೆಯದ ಕಾಗದ. ಕನ್ನಡದಲ್ಲಿ ‘ಕ್ಕಾಗಿ’ಯೂ ಚತುರ್ಥಿ, ‘ಗೆ’ಯೂ ಚತುರ್ಥಿ. ಈ ಮಾತಿಗೆ ಎರಡೂ ಬೇಕು. ‘ಕೃತಜ್ಞ’ ಎಂದರೇ ಮಾಡಿದ್ದನ್ನು ಬಲ್ಲವನು. ಮಾಡಿದವರಿಲ್ಲದೆ ಮಾಡಿದ್ದೆಲ್ಲಿ ಬಂತು? ನಾಲ್ಕನೇ ಗುರುವಾರವಿದೆ, ನಾಲ್ಕನೇ ವಿಭಕ್ತಿ ಅರ್ಧವೇ ಇದೆ. ಉತ್ತರಪತ್ರಿಕೆಯಲ್ಲಾದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಅಷ್ಟರಲ್ಲಿ ಸರತಿ ನನಗೇ ಬಂತು.

ಯೋಚಿಸಿಟ್ಟ ವಾಕ್ಯ ‘ಇಂಥ ಕುಟುಂಬಕ್ಕಾಗಿ’ ಎಂದಿತ್ತು. ಬಾಯಿಗೆ ಬಂದದ್ದು ಬೇರೆ. 2021ರ ಮೇ ತಿಂಗಳು. ಮಗಳಿಗೆ ದಿನ ತುಂಬಿತ್ತು. ಕೊರೊನಾ ಕಾಲ, ಭಾರತದಿಂದ ಬರುವವರಿಗೆ ಅಮೆರಿಕ ಬಾಗಿಲು ಹಾಕಿತ್ತು. ಬಾಣಂತನ ಹೆತ್ತ ತಾಯಿಯ ಕೆಲಸ. ನಾನು ಸಾಗರದಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೆ. ಈ ಬೀಗಿತ್ತಿ ಆರು ವಾರ ನನ್ನ ಮಗಳ ಮನೆಯ ಸೋಫಾದ ಮೇಲೆ ಮಲಗಿದರು. ದಿನಾ ಫೋನಿನಲ್ಲಿ ನಾನು ಹೇಳಿದ್ದನ್ನು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಗೀಚಿಕೊಂಡು ಬೆಳ್ಳುಳ್ಳಿ ಸಾರು ಮಾಡಿದರು. ಬಾಣಂತಿಯ ಕಿವಿಗೆ ಗಾಳಿ ಸೋಕಬಾರದು ಎಂದಿದ್ದೆ. ಜೂನ್ ಸೆಖೆಯಲ್ಲಿ ಮಗಳ ತಲೆಗೆ ಉಣ್ಣೆಯ ಮಫ್ಲರ್ ಸುತ್ತಿದರು. ಅದರಲ್ಲಿ ಅವರಿಗೆ ನಂಬಿಕೆ ಇತ್ತೋ ಇಲ್ಲವೋ ಇವತ್ತಿನವರೆಗೂ ಹೇಳಿಲ್ಲ. ನಾನೂ ಏನೂ ಹೇಳಿರಲಿಲ್ಲ. ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಹೊರಗಿನವರನ್ನಾಗಿ ಮಾಡಿದಂತೆ ಎಂಬ ನಮ್ಮ ಕಡೆಯ ಸಂಕೋಚ. ಸೋಮಾರಿತನವೂ ಇದ್ದೀತು.

ನನ್ನ ಮೇಷ್ಟರ ಇಂಗ್ಲಿಷಿನಲ್ಲಿ ಇಷ್ಟನ್ನೂ ಹೇಳಿ, ಅವರ ಕಡೆ ತಿರುಗಿ, ‘ಟು ಯು’ ಎಂದೆ.

ಮೇಜು ನಿಶ್ಶಬ್ದವಾಯಿತು. ಬೀಗರು ಉಪ್ಪಿನ ಡಬ್ಬಿಯ ಮೇಲಿನ ಬರಹ ಓದತೊಡಗಿದರು. ಬೀಗಿತ್ತಿ ‘ಅಯ್ಯೋ, ಅದೇನು ದೊಡ್ಡದು, ಗ್ರೇವಿ ಆರಿಹೋಗುತ್ತಿದೆ’ ಎಂದು ಎದ್ದು ಅಡಿಗೆಮನೆಗೆ ಹೋದರು. ಗ್ರೇವಿ ಮೇಜಿನ ಮೇಲೇ ಇತ್ತು.

ಬಸ್ ಡ್ರೈವರಿಗೆ ದಿನಕ್ಕೆ ಎರಡು ಸಲ ಕೂಗಿ ಹೇಳುವ ಜನ ಇವರು! ತಪ್ಪು ಮಾಡಿದೆನೇ ಎಂದು ಮಗಳ ಮುಖ ನೋಡಿದೆ. ಅವಳು ಮೊಮ್ಮಗಳ ಮೂತಿ ಒರೆಸುವ ನೆಪದಲ್ಲಿದ್ದಳು.

ಉಪಕಾರ ಮಾಡಿದರು ಅಜ್ಜ. ನನ್ನ ಗೊಜ್ಜನ್ನು ತಮ್ಮ ಗೆರೆಬಿಲ್ಲೆಯ ಪಕ್ಕಕ್ಕೆ ಹಾಕಿಸಿಕೊಂಡು, ನಾಲಗೆ ಚಪ್ಪರಿಸಿ, ‘ಇದಕ್ಕೆ ಬೆಂಕಿಕಡ್ಡಿ ಹಾಕಿದ್ದೀರೇನು?’ ಎಂದರು. ಇಂಗು ಎಂದೆ. ಇನ್ನೊಂದು ಸಲ ಹಾಕಿಸಿಕೊಂಡರು.

ಪಾತ್ರೆ ತೊಳೆದವರು ಗಂಡಸರು. ಇದನ್ನು ಊರಿಗೆ ಹೋಗಿ ಹೇಳಬೇಕು.

ಮುಂದಿನ ಬುಧವಾರ

ಮಿಕ್ಕ ಅಡಿಗೆಯನ್ನು ಅವತ್ತೇ ಡಬ್ಬಿ ಡಬ್ಬಿಗೆ ತುಂಬಿ ಎಲ್ಲರಿಗೂ ಹಂಚಿದ್ದರು. ನಾವು ತಂಗಳು ಎಂದು ಮೂಗು ಮುರಿಯುವುದು ಇಲ್ಲಿ ಹಬ್ಬದ ಎರಡನೇ ಭಾಗ. ಅಳಿಯ ಭಾನುವಾರದವರೆಗೂ ಟರ್ಕಿ ಸ್ಯಾಂಡ್‌ವಿಚ್ ತಿಂದ.

ಗೊಜ್ಜು ಒಯ್ದಿದ್ದು ನನ್ನ ಸ್ಟೀಲ್ ಡಬ್ಬಿಯಲ್ಲಿ. ಮದುವೆಯಲ್ಲಿ ಬಂದದ್ದು, ಸಾಗರದ ಪಾತ್ರೆ ಅಂಗಡಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಸಿದ್ದು. ಅದು ಬೀಗಿತ್ತಿಯ ಮನೆಯಲ್ಲೇ ಉಳಿದಿದೆ. ಊರಿನಲ್ಲಾದರೆ ಮೂರನೇ ದಿನಕ್ಕೆ ‘ಡಬ್ಬಿ ಸಿಕ್ಕಿದರೆ ಕೊಟ್ಟು ಕಳಿಸಿ’ ಎಂದು ಹೇಳಿ ಕಳಿಸುತ್ತಿದ್ದೆ. ಮಗಳು ನಿನ್ನೆ ಕೇಳಿದಳು: ‘ತರಿಸಲಾ ಅಮ್ಮಾ?’

ಬೇಡ ಎಂದೆ. ಇರಲಿ ಅಲ್ಲೇ.