ಗಡಿಯಾಚೆಯ ಧಾರೆಗೆ ನಗರಗೆರೆಯ ನೆಂಟರು

ಗೌರಿಬಿದನೂರು ತಾಲ್ಲೂಕಿನ ನಗರಗೆರೆಗೆ ಪರನಾಡಿನ ಮದುವೆಯೆಂಬುದು ಹೊಸ ಮಾತಲ್ಲ. ಊರು ಆಂಧ್ರದ ಗಡಿಗೆ ಸಮೀಪದಲ್ಲಿದೆ. ಹೆಣ್ಣು ಕೊಡುವುದೂ ತರುವುದೂ ಹಿಂದೂಪುರ, ಲೇಪಾಕ್ಷಿ, ಮಡಕಶಿರಾಗಳ ಕಡೆಗೆ ತಲೆಮಾರುಗಳಿಂದ ನಡೆದುಬಂದಿದೆ. ಮನೆಯೊಳಗೆ ಕನ್ನಡವಾದರೆ ಸಂತೆಯಲ್ಲಿ ತೆಲುಗು. ಕೆಲವು ಮನೆಗಳಲ್ಲಿ ಇದು ಅದಲುಬದಲು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಹುಟ್ಟುವವರೆಗೆ ಹಿಂದೂಪುರವು ಮದರಾಸಿಗೆ ಸೇರಿತ್ತು. 1947ಕ್ಕೆ ಮುಂಚೆ ಇಲ್ಲಿಂದ ಅಲ್ಲಿಗೆ ದಿಬ್ಬಣ ಹೊರಟರೆ, ಮೈಸೂರು ಮಹಾರಾಜರ ಸೀಮೆಯನ್ನು ದಾಟಿ ಆಂಗ್ಲರ ಆಡಳಿತದ ನೆಲಕ್ಕೆ ಕಾಲಿಟ್ಟಂತಾಗುತ್ತಿತ್ತು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ಹಾದು ಹಿಂದೂಪುರದತ್ತ ಸಾಗುವಂತೆ, ಈ ನೆಂಟಸ್ತನವೂ ರಹದಾರಿಯ ಹಂಗಿಲ್ಲದೆ ಸಾಗಿತು.

ಈಗಿನ ಕರೆಯೋಲೆಗಳು ಇನ್ನೂ ದೂರದ ಹೆಸರುಗಳನ್ನು ಹೊತ್ತು ಬರುತ್ತಿವೆ. ಬೆಂಗಳೂರಿನಲ್ಲಿ ಓದಿ ಹೊರದೇಶದಲ್ಲಿ ನೆಲೆಸಿದ ಮಗನು ದುಬೈಯಲ್ಲಿಯೋ ಸಿಂಗಪುರದಲ್ಲಿಯೋ ಮದುವೆಯಾಗುವುದುಂಟು. ವಧೂವರರಿಬ್ಬರೂ ಇಲ್ಲಿಯವರಾಗಿದ್ದು ಬಾಲಿ ದ್ವೀಪದ ಕಡಲತೀರವೇ ಬೇಕೆಂದು ಹೊರಡುವುದೂ ಉಂಟು. ಯಾವುದೇ ಆಗಲಿ, ಕರೆದವರಿಗೆ ಅದು ಸಂಭ್ರಮ. ಕರೆಸಿಕೊಂಡವರಿಗೆ ಸಂಭ್ರಮದ ಜೊತೆಗೆ ತಿಂಗಳುಗಟ್ಟಲೆಯ ಸಿದ್ಧತೆ. ಹಿಂದೂಪುರದ ಮದುವೆಗೆ ಬೆಳಗ್ಗೆ ಎದ್ದು ಹೊರಟರೂ ಧಾರೆಯ ವೇಳೆಗೆ ತಲುಪಬಹುದು. ಕಡಲಾಚೆಯ ಮದುವೆಗೆ ಲಗ್ನಪತ್ರಿಕೆ ಬರೆಸಿದ ದಿನವೇ ನೆಂಟರ ಪ್ರಯಾಣವೂ ಆರಂಭವಾಗಬೇಕು.

ಮೊದಲನೆಯದು ಪಾಸ್‌ಪೋರ್ಟು. ಇದನ್ನು ಯಾರಿಗೆ ಮೊದಲು ಮಾಡಿಸಬೇಕೆಂಬುದರಲ್ಲಿಯೂ ವಿವೇಕ ಬೇಕು. ಸೋದರಮಾವನಿಲ್ಲದೆ ಹೆಣ್ಣನ್ನು ಹಸೆಗೆ ಕರೆತರುವವರಾರು? ಅಜ್ಜಿಯಿಲ್ಲದೆ ಅಕ್ಷತೆಗೆ ಅರ್ಥವೆಲ್ಲಿ? ಆದರೆ ಪಾಸ್‌ಪೋರ್ಟು ಇಲ್ಲದಿರುವುದು ಸಾಮಾನ್ಯವಾಗಿ ಇಂಥ ಹಿರಿಯರಲ್ಲಿಯೇ. ಹಳ್ಳಿಯ ಹಿರಿಯರ ಕಾಗದಪತ್ರಗಳಲ್ಲಿ ಹೆಸರು ಒಂದೊಂದು ಕಡೆ ಒಂದೊಂದು ಬಗೆಯಾಗಿರುತ್ತದೆ: ಆಧಾರ್ ಚೀಟಿಯಲ್ಲಿ ಒಂದು ಕಾಗುಣಿತ, ಮತದಾರರ ಗುರುತಿನ ಚೀಟಿಯಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು. ಇವನ್ನು ಒಂದಾಗಿಸುವ ಕೆಲಸಕ್ಕೇ ವಾರಗಳು ಹಿಡಿಯುವುವು. ಅದಾದ ಮೇಲೆ ಪೊಲೀಸ್ ಠಾಣೆಯ ವಿಚಾರಣೆ ಇದೆ.

ಹೆಸರಿನ ವಿಷಯದಲ್ಲಿ ಇನ್ನೊಂದು ತೊಡಕು. ನಮ್ಮ ಸೀಮೆಯ ಜನಕ್ಕೆ ಮನೆತನದ ಹೆಸರಿಗಿಂತ ಇನಿಷಿಯಲ್ಲೇ ರೂಢಿ. ಪಾಸ್‌ಪೋರ್ಟಿನಲ್ಲಿ ಬರಿಯ ಇನಿಷಿಯಲ್ ಸಲ್ಲದು. ಅದನ್ನು ಬಿಡಿಸಿ ಪೂರ್ತಿಯಾಗಿ ಬರೆಸಬೇಕು. ಒಂದೇ ಹೆಸರಿನ ಪಾಸ್‌ಪೋರ್ಟು ಹಿಡಿದು ಪ್ರವಾಸದ ವೀಸಾದ ಮೇಲೆ ಬರುವವರಿಗೆ ಪ್ರವೇಶವಿಲ್ಲವೆಂದು ಅರಬ್ ಸಂಯುಕ್ತ ಸಂಸ್ಥಾನವು 2022ರ ನವೆಂಬರಿನಲ್ಲಿ ಕಟ್ಟುಮಾಡಿತು. ದುಬೈಯ ಮದುವೆಗೆ ಹೊರಡತಕ್ಕವರು ಟಿಕೆಟ್ಟಿಗೆ ಹಣ ಕಟ್ಟುವ ಮುನ್ನ ತಮ್ಮ ಪಾಸ್‌ಪೋರ್ಟಿನ ಹೆಸರಿನ ಸಾಲನ್ನು ಈ ಕಣ್ಣಿನಿಂದ ಒಮ್ಮೆ ನೋಡಿಕೊಳ್ಳುವುದು ಕ್ಷೇಮ.

ಪಾಸ್‌ಪೋರ್ಟು ಇದ್ದವರೂ ಅದರ ಅವಧಿಯನ್ನು ಪರೀಕ್ಷಿಸಬೇಕು. ದೊಡ್ಡವರಿಗೆ ಅದು 10 ವರ್ಷ, ಮಕ್ಕಳಿಗೆ ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ. ಅನೇಕ ದೇಶಗಳು ಪ್ರವೇಶದ ದಿನದಿಂದ ಮುಂದೆ 6 ತಿಂಗಳ ಅವಧಿ ಉಳಿದಿರಬೇಕೆಂದು ವಿಧಿಸುತ್ತವೆ. ವೀಸಾದ ನಿಯಮಗಳು ಆಗಾಗ ಬದಲಾಗುವುದರಿಂದ, ಹೋದ ವರ್ಷ ಹೋಗಿಬಂದ ನೆಂಟರ ಮಾತನ್ನು ನೆಚ್ಚದೆ ಆಯಾ ದೇಶದ ರಾಯಭಾರ ಕಚೇರಿಯ ಪ್ರಕಟಣೆಯನ್ನೇ ನೋಡಬೇಕು. ನೇಪಾಳ ಮಾತ್ರ ಇದಕ್ಕೆ ಹೊರತು. ಅಲ್ಲಿಗೆ ಭಾರತೀಯರಿಗೆ ವೀಸಾ ಬೇಡ, ವಿಮಾನದಲ್ಲಿ ಹೋಗುವವರಿಗೆ ಪಾಸ್‌ಪೋರ್ಟಿಗೆ ಬದಲಾಗಿ ಮತದಾರರ ಚೀಟಿಯೂ ಸಲ್ಲುತ್ತದೆ. ಮನೆತುಂಬ ಮುದುಕರಿರುವ ಕುಟುಂಬವು ಹೊರದೇಶವೇ ಬೇಕೆಂದು ಹಟ ಹಿಡಿದರೆ ಕಾಠ್ಮಂಡುವನ್ನು ಸೂಚಿಸುವುದು ನೆಂಟರ ಜಾಣತನ.

ಇನ್ನು ಪೆಟ್ಟಿಗೆ ತುಂಬುವ ಮಾತು. ಮದುವೆಯ ಸಾಮಾನಿನ ಪಟ್ಟಿಯಲ್ಲಿ ಮೊದಲು ಬರುವ ವಸ್ತುಗಳೇ ವಿಮಾನದಲ್ಲಿ ಮೊದಲು ತಡೆಯಲ್ಪಡುವುವು. ಒಣಕೊಬ್ಬರಿಯು ಎಣ್ಣೆಯ ಅಂಶದಿಂದ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದೆಂದು ಅಪಾಯಕರ ಸರಕಿನ ಸಾಲಿಗೆ ಸೇರಿದೆ. ಕರ್ಪೂರ ಉರಿಯುವ ವಸ್ತು, ಬೆಂಕಿಪೊಟ್ಟಣಕ್ಕೂ ಅವಕಾಶವಿಲ್ಲ. ಕೊಬ್ಬರಿ ಬಟ್ಟಲು, ಕರ್ಪೂರ, ಬೆಂಕಿಪೊಟ್ಟಣ, ಈ ಮೂರನ್ನೂ ಬಿಟ್ಟು ಪುರೋಹಿತರು ಚೀಲ ಕಟ್ಟುವುದು ಹೇಗೆ? ಮದುವೆ ನಡೆಯುವ ಊರಿನಲ್ಲಿಯೇ ಇವನ್ನು ಒದಗಿಸಿಡುವಂತೆ ಕರೆದವರಿಗೆ ಮೊದಲೇ ತಿಳಿಸುವುದೊಂದೇ ದಾರಿ. ಉಪ್ಪಿನಕಾಯಿ, ತುಪ್ಪಗಳನ್ನು ಕೈಚೀಲದಲ್ಲಿ ಇಡಬಾರದು. ದ್ರವಪದಾರ್ಥವು 100 ಮಿಲಿಲೀಟರಿಗೆ ಮೀರಿದರೆ ತಪಾಸಣೆಯಲ್ಲಿಯೇ ಉಳಿದುಹೋಗುವುದು. ದೂರವಾಣಿಗೆ ಶಕ್ತಿ ತುಂಬುವ ಪವರ್ ಬ್ಯಾಂಕು ಮಾತ್ರ ತದ್ವಿರುದ್ಧ. ಅದು ಕೈಚೀಲದಲ್ಲಿಯೇ ಇರಬೇಕು.

ಪಾಯಸಕ್ಕೆಂದು ಗಸಗಸೆಯ ಪೊಟ್ಟಣವನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು ಹೊರಡುವ ಅತ್ತೆಯರಿಗೆ ಒಂದು ಎಚ್ಚರಿಕೆ. ಅಫೀಮಿನ ಗಿಡದ ಬೀಜವೆಂಬ ಕಾರಣದಿಂದ ದುಬೈ ಮೊದಲಾದ ಕಡೆಗಳಲ್ಲಿ ಗಸಗಸೆ ನಿಷಿದ್ಧ. ನಮ್ಮಲ್ಲಿ ಹಬ್ಬದ ಅಡಿಗೆಯಾದದ್ದು ಅಲ್ಲಿ ಸೆರೆಮನೆಯ ದಾರಿಯಾದೀತು. ಸಿಂಗಪುರದಲ್ಲಿ ಜಗಿಯುವ ಹೊಗೆಸೊಪ್ಪಿಗೆ ಇದೇ ಗತಿ. ಹೂವು, ವೀಳ್ಯದೆಲೆ, ಹಸಿಯ ಹಣ್ಣುಗಳನ್ನು ಅನೇಕ ದೇಶಗಳು ಗಿಡಗಳ ರೋಗದ ಭಯದಿಂದ ತಡೆಯುತ್ತವೆ. ರಕ್ತದೊತ್ತಡ, ಸಕ್ಕರೆ ರೋಗಗಳ ಗುಳಿಗೆಗಳನ್ನು ಬಿಡಿಬಿಡಿಯಾಗಿ ಕಾಗದದಲ್ಲಿ ಸುತ್ತದೆ, ಅಂಗಡಿಯ ಮೂಲ ಹೊದಿಕೆಯಲ್ಲಿಯೇ ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿ ಒಯ್ಯಬೇಕು.

ಒಡವೆಯ ಮಾತು ಬೇರೆ. ಮದುವೆಗೆ ಮೈತುಂಬ ಚಿನ್ನ ಧರಿಸಿ ಹೋದವರು ಹಿಂತಿರುಗಿದಾಗ, ಆ ಚಿನ್ನವು ಹೊರಗೆ ಕೊಂಡದ್ದಲ್ಲ, ಮನೆಯದೇ ಎಂದು ತೋರಿಸಿಕೊಡಬೇಕಾಗಬಹುದು. ಹೊರಡುವಾಗಲೇ ನಿಲ್ದಾಣದ ಸುಂಕದ ಅಧಿಕಾರಿಗಳಿಗೆ ಒಡವೆಯನ್ನು ತೋರಿಸಿ ರಫ್ತಿನ ಪ್ರಮಾಣಪತ್ರ ಪಡೆದಿದ್ದರೆ ಈ ತಾಪತ್ರಯವಿಲ್ಲ. ಹಣದಲ್ಲಿಯೂ ಮಿತಿಯುಂಟು: ಭಾರತದ ನೋಟುಗಳನ್ನು 25,000 ರೂಪಾಯಿಗೆ ಮೀರಿ ಹೊರಗೆ ಒಯ್ಯುವಂತಿಲ್ಲ. ವಿದೇಶಿ ನೋಟುಗಳು ಒಂದು ಪ್ರಯಾಣಕ್ಕೆ ಸಾಮಾನ್ಯವಾಗಿ 3,000 ಡಾಲರಿನ ಬೆಲೆಯವರೆಗೆ ದೊರೆಯುತ್ತವೆ.

ವಿಮಾನನಿಲ್ದಾಣದ ದಾರಿಯಲ್ಲಿ ನಗರಗೆರೆಯವರು ಬೆಂಗಳೂರಿಗರಿಗೆ ಹೊಟ್ಟೆಕಿಚ್ಚು ಪಡಬೇಕಾದುದಿಲ್ಲ. 2008ರ ಮೇ ತಿಂಗಳಲ್ಲಿ ಆರಂಭವಾದ ಕೆಂಪೇಗೌಡ ಅಂತರರಾಷ್ಟ್ರೀಯ ನಿಲ್ದಾಣವು ದೇವನಹಳ್ಳಿಯ ಬಳಿ, ನಗರಕ್ಕೆ ಈಚೆಗೇ ಇದೆ. ಗೌರಿಬಿದನೂರಿನಿಂದ ಮಾಕಳಿದುರ್ಗದ ಬೆಟ್ಟದ ಪಕ್ಕದಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದು, ಅಲ್ಲಿಂದ ದೇವನಹಳ್ಳಿಯತ್ತ ತಿರುಗಿದರೆ ಬೆಂಗಳೂರಿನ ಜನಸಂದಣಿಯನ್ನು ಕಾಣದೆಯೇ ತಲುಪಬಹುದು. ಹೊರದೇಶದ ವಿಮಾನಗಳು 2023ರ ಸೆಪ್ಟೆಂಬರಿನಿಂದ ಎರಡನೆಯ ಟರ್ಮಿನಲ್ಲಿಗೆ ವರ್ಗವಾಗಿವೆ. ವಿಮಾನದ ವೇಳೆಗೆ 3 ಗಂಟೆ ಮುಂಚಿತವಾಗಿ ಅಲ್ಲಿರಬೇಕು. ನಡೆಯಲಾರದ ಹಿರಿಯರಿಗೆ ಗಾಲಿಕುರ್ಚಿಯನ್ನೂ, ಸಸ್ಯಾಹಾರಿಗಳಿಗೆ ಊಟವನ್ನೂ ಟಿಕೆಟ್ಟು ಕೊಳ್ಳುವಾಗಲೇ ಕೇಳಿಡಬೇಕು. ಹೋಟೆಲಿನ ವಿಳಾಸ, ಹಿಂತಿರುಗುವ ಟಿಕೆಟ್ಟು, ಮದುವೆಯ ಕರೆಯೋಲೆ, ಇವುಗಳ ಪ್ರತಿ ಒಬ್ಬೊಬ್ಬರ ಕೈಯಲ್ಲಿಯೂ ಇರಲಿ. ಎಲ್ಲವನ್ನೂ ಯಜಮಾನನ ಜೇಬಿಗೆ ಸೇರಿಸಿದರೆ ವಿಚಾರಣೆಯ ಸಾಲಿನಲ್ಲಿ ಅತ್ತೆ ಒಂದು ಕಡೆ, ಯಜಮಾನ ಇನ್ನೊಂದು ಕಡೆ ಆದಾರು.

ಗಡಿಯಾರವೂ ದಿಬ್ಬಣದ ಜೊತೆಗೇ ಬದಲಾಗಬೇಕು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಸಿಂಗಪುರವೂ ಬಾಲಿಯೂ ಎರಡೂವರೆ ಗಂಟೆ ಮುಂದೆ. ಲಗ್ನವು ಆಯಾ ಊರಿನ ಸೂರ್ಯೋದಯವನ್ನು ಅನುಸರಿಸುವುದರಿಂದ ಇಲ್ಲಿಯ ಪಂಚಾಂಗದ ಗಳಿಗೆಯನ್ನು ಅಲ್ಲಿಗೆ ಹಾಗೆಯೇ ಒಯ್ಯಲಾಗದು. ಕರೆಯೋಲೆಯಲ್ಲಿ ಕಂಡ ವೇಳೆ ಎಲ್ಲಿಯದೆಂದು ಕೇಳಿ ತಿಳಿಯುವುದರಲ್ಲಿ ಸಂಕೋಚವಿರಬಾರದು.

ಇಷ್ಟೆಲ್ಲ ಆದರೂ ಹೋಗಲಾಗದವರು ಇದ್ದೇ ಇರುತ್ತಾರೆ. ಮುಯ್ಯಿಯ ಲೆಕ್ಕವುಳ್ಳ ಸಮಾಜದಲ್ಲಿ ಇದು ಸಣ್ಣ ನೋವಲ್ಲ. ತನ್ನ ಮಗಳ ಮದುವೆಗೆ ಸೀರೆ ಉಡಿಸಿದವರ ಮನೆಯ ಮದುವೆಗೆ ತಾನು ಹೋಗಿ ಮರಳಿ ಉಡಿಸಲಿಲ್ಲವೆಂದರೆ ಬಡವನಿಗೆ ಅದು ತೀರದ ಸಾಲದಂತೆ ಕಾಡುತ್ತದೆ. ವಿಮಾನದ ಟಿಕೆಟ್ಟಿನ ಬೆಲೆಯನ್ನು ಸಾಲ ಮಾಡಿ ತಂದವನು ಆ ಸಾಲವನ್ನು ರೇಷ್ಮೆಗೂಡು ಮಾರಿ ತೀರಿಸಬೇಕಾದೀತು. ಬರಲಾಗದೆಂದು ಮೊದಲೇ ಹೇಳಿ, ಹೊರಡುವ ಮುನ್ನವೇ ಹುಡುಗಿಯನ್ನು ಮನೆಗೆ ಕರೆದು ಮಡಿಲು ತುಂಬಿ ಮುಯ್ಯಿ ಒಪ್ಪಿಸುವುದರಲ್ಲಿ ಯಾವ ಕುಂದೂ ಇಲ್ಲ. ಕರೆಯುವವರಿಗೂ ಒಂದು ಕರ್ತವ್ಯವಿದೆ. ಕಡಲಾಚೆ ಧಾರೆ ಎರೆದರೂ ಬೀಗರೂಟವನ್ನು ಊರಿನಲ್ಲಿಯೇ ಇಟ್ಟುಕೊಂಡರೆ, ಪಾಸ್‌ಪೋರ್ಟಿಲ್ಲದ ಅಜ್ಜಿಯೂ ನೆರೆಮನೆಯ ಕೂಲಿಯಾಳೂ ಪಂಕ್ತಿಯಲ್ಲಿ ಕುಳಿತುಕೊಳ್ಳುವರು.

ಗಡಿಯಾಚೆಯ ಲೇಪಾಕ್ಷಿಯ ವೀರಭದ್ರನ ಗುಡಿಯಲ್ಲಿ ಒಂದು ಕಲ್ಯಾಣಮಂಟಪವಿದೆ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ಆರಂಭವಾದ ಆ ಕೆಲಸ ಪೂರ್ತಿಯಾಗಲಿಲ್ಲ. ಕಂಬಗಳು ಬಯಲಿನಲ್ಲಿ ನಿಂತಿವೆ. ಶಿವಪಾರ್ವತಿಯರ ಮದುವೆಗೆ ಬಂದ ದೇವತೆಗಳನ್ನೂ ಋಷಿಗಳನ್ನೂ ಶಿಲ್ಪಿಗಳು ಆ ಕಂಬಗಳ ಮೇಲೆ ಕಡೆದಿದ್ದಾರೆ. ಚಾವಣಿಗೆ ಮುಂಚೆ ನೆಂಟರನ್ನು ನಿಲ್ಲಿಸಿದವರ ಆ ಕೆಲಸವನ್ನು, ಕಡಲತೀರದ ಹೋಟೆಲಿಗೆ ಮುಂಗಡ ಕಟ್ಟುವ ಮನೆಯವರು ಒಮ್ಮೆ ಹೋಗಿ ನೋಡಿಬರಲಿ. ಕರೆಯಬೇಕಾದವರ ಪಟ್ಟಿಯನ್ನು ಆಮೇಲೆ ಬರೆಯಲಿ.